ಕೇಳುವುದನ್ನು ಕಲಿತ ಇಪ್ಪತ್ತು ವರ್ಷಗಳು



ಈ ಸಲದ ವಾರ್ಷಿಕ ಮಹಾಸಭೆಯಲ್ಲಿ ಜಮಾಖರ್ಚು, ಅಢಾವೆ ಪತ್ರಿಕೆ, ಲೆಕ್ಕಪರಿಶೋಧನಾ ವರದಿ, ಈ ಮೂರನ್ನೂ ನಾನು ಓದಿ ಮುಗಿಸಿದ್ದು ಹನ್ನೆರಡು ನಿಮಿಷಗಳಲ್ಲಿ. "ಯಾರಾದರೂ ಕೇಳುವುದಿದೆಯೇ?" ಎಂದೆ. ಹಿಂದಿನ ಸಾಲಿನಿಂದ "ಮಂಜೂರು, ಮಂಜೂರು" ಎಂಬ ದನಿ ಬಂತು. ಅಷ್ಟರಲ್ಲಿ ಊಟಕ್ಕೆ ಎಲೆ ಹಾಕಿದ್ದರು. ಕಾರ್ಯದರ್ಶಿಯಾದ ನನಗೆ ಆ ಗಳಿಗೆಯಲ್ಲಿ ಹಾಯೆನಿಸಿದ್ದು ನಿಜ. ಮನೆಗೆ ಬಂದ ಮೇಲೆ ಮಾತ್ರ ಅದೇ ವಿಚಾರ ಕೊರೆಯತೊಡಗಿತು. ಲೆಕ್ಕ ಸರಿಯಿದೆ ಎಂದು ತಿಳಿದು ಸದಸ್ಯರು ಒಪ್ಪಿದರೋ, ಅಥವಾ ನಮಗೆ ಕೇಳುವ ರೂಢಿಯೇ ತಪ್ಪಿಹೋಯಿತೋ?

ಮರುವಾರ ಸಂಘದ ಕೆಲಸದ ಮೇಲೆ ಬೆಂಗಳೂರಿಗೆ ಹೋದವನು ಸಂಜೆ ಬಸವನಗುಡಿಯ ಕಡೆಗೆ ನಡೆದೆ. ನಾನು ಬಿ.ಎಸ್‌ಸಿ. ಓದಿದ ನ್ಯಾಷನಲ್ ಕಾಲೇಜು ಇರುವುದು ಅಲ್ಲಿಯೇ. ಗಾಂಧಿಬಜಾರಿನಲ್ಲಿ ಕಾಫಿ ಕುಡಿಯುತ್ತ ಕುಳಿತಾಗ 1942ರಿಂದ 1962ರವರೆಗಿನ ಇಪ್ಪತ್ತು ವರ್ಷಗಳ ವಿಚಾರ ಮನಸ್ಸಿಗೆ ಬಂತು. ಆ ಕಾಲದ ದೊಡ್ಡ ಘಟನೆಗಳನ್ನು ನಾವು ಶಾಲೆಯಲ್ಲಿ ಬೇರೆ ಬೇರೆ ಪಾಠಗಳಾಗಿ ಓದಿದ್ದೇವೆ. ನಮ್ಮ ತೋಟದ ಬೇಲಿಯ ಹತ್ತಿರ ನಿಂತು ನೋಡಿದರೆ ಅವೆಲ್ಲ ಒಂದೇ ಪಾಠವಾಗಿ ಕಾಣುತ್ತವೆ. ಸುಮ್ಮನೆ ತಲೆಯಾಡಿಸುತ್ತಿದ್ದ ಜನ "ಯಾಕೆ?" ಎಂದು ಕೇಳಲು ಕಲಿತ ಪಾಠ ಅದು.

ಯುದ್ಧ, ಜೈಲು ಮತ್ತು ಪೂಲ್

1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಹೊತ್ತಿಕೊಂಡಾಗ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದ ಯುವಕರೊಬ್ಬರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಓದುತ್ತಿದ್ದರು. ಓದನ್ನು ಬದಿಗಿಟ್ಟು ಚಳವಳಿಗೆ ಇಳಿದರು, ಜೈಲು ಸೇರಿದರು. ಅವರೇ ಮುಂದೆ ನಾಡು ಬಲ್ಲ ಡಾ. ಎಚ್. ನರಸಿಂಹಯ್ಯನವರು. ಅವರ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಅದೇ ವರ್ಷ ನಮ್ಮ ಕಾಫಿಯ ಹಣೆಬರಹವೂ ಬದಲಾಯಿತು. ಯುದ್ಧದಿಂದ ಯುರೋಪಿನ ಮಾರುಕಟ್ಟೆ ಮುಚ್ಚಿತ್ತು. 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಫಿ ಮಾರುಕಟ್ಟೆ ವಿಸ್ತರಣಾ ಕಾಯಿದೆ ಬಂದವು. ಬೆಳೆಗಾರರೆಲ್ಲ ಕಾಫಿಯನ್ನು ಒಂದೇ ಪೂಲ್‌ಗೆ ಒಪ್ಪಿಸುವುದು, ಮಂಡಳಿ ಅದನ್ನು ಮಾರಿ ದರ್ಜೆಗೆ ತಕ್ಕಂತೆ ಕಂತುಗಳಲ್ಲಿ ಹಣ ಕೊಡುವುದು, ಇದು ಏರ್ಪಾಡು. ಹತ್ತು ಚೀಲದವನೂ ಸಾವಿರ ಚೀಲದವನೂ ಒಂದೇ ಸಾಲಿನಲ್ಲಿ ನಿಂತರು. ದೇಶದೊಳಗೆ ಕಾಫಿ ಕುಡಿಯುವವರನ್ನು ಹೆಚ್ಚಿಸುವುದೂ ಕಾಯಿದೆಯ ಉದ್ದೇಶಗಳಲ್ಲಿ ಒಂದು. ಗಾಂಧಿಬಜಾರಿನ ವಿದ್ಯಾರ್ಥಿ ಭವನ ಆರಂಭವಾದದ್ದು ಮರುವರ್ಷ, 1943ರಲ್ಲಿ. ಹಡಗು ಹತ್ತಲಾರದ ಕಾಫಿಗೆ ಇಂಥ ಹೋಟೆಲುಗಳ ಲೋಟಗಳೂ ಮಾರುಕಟ್ಟೆಯಾದವು.

ಪೂಲ್‌ನಲ್ಲಿ ದೋಷವಿರಲಿಲ್ಲವೆಂದಲ್ಲ. ಕಂತಿನ ಹಣಕ್ಕೆ ಕಾದು ಕಾದು ನಮ್ಮ ತಂದೆಯವರ ಕಾಲದವರು ಬೇಸತ್ತಿದ್ದರು. 1990ರ ದಶಕದಲ್ಲಿ ಹಂತ ಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಆ ಪದ್ಧತಿ ಮುಗಿಯಿತು. ಮಾರುವ ಸ್ವಾತಂತ್ರ್ಯ ನಮ್ಮ ಕೈಗೆ ಬಂತು. ಅದರ ಜೊತೆಗೇ ತೂಕ, ತೇವಾಂಶ, ಔಟ್‌ಟರ್ನ್‌ಗಳನ್ನು ಕೇಳಿ ತಿಳಿಯುವ ಹೊಣೆಯೂ ಬಂತು. ಮೊದಲನೆಯದನ್ನು ಸಂತೋಷದಿಂದ ತೆಗೆದುಕೊಂಡೆವು. ಎರಡನೆಯದನ್ನು ವ್ಯಾಪಾರಿಯ ಕೈಯಲ್ಲೇ ಬಿಟ್ಟೆವು.

ಅರಸರ ಮುಂದೆ, ಕೊಳಗದ ಮುಂದೆ

1945ರ ಆಗಸ್ಟಿನಲ್ಲಿ ಹಿರೋಷಿಮಾದ ಮೇಲೆ ಅಣುಬಾಂಬು ಬಿತ್ತು. ವಿಜ್ಞಾನದಿಂದ ಏನೇನು ಆಗಬಹುದೆಂದು ಜಗತ್ತು ನಡುಗಿದ ಆ ವರ್ಷವೇ ಬಸವನಗುಡಿಯ ಸುತ್ತಿನಲ್ಲಿ ಮೂರು ಸಂಸ್ಥೆಗಳು ಹುಟ್ಟಿದವು: ಡಿ.ವಿ.ಜಿ.ಯವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಬಿ.ಪಿ. ವಾಡಿಯಾ ಅವರ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಮತ್ತು ನ್ಯಾಷನಲ್ ಕಾಲೇಜು. ಮೂರರ ಕೆಲಸವೂ ಒಂದೇ, ಜನರನ್ನು ಕೂರಿಸಿ ವಿಚಾರ ಮಾಡಿಸುವುದು.

1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದರೂ ಮೈಸೂರಿನಲ್ಲಿ ದಿವಾನರ ಆಡಳಿತವೇ ಮುಂದುವರಿದಿತ್ತು. ಜನರಿಗೆ ಹೊಣೆಯಾದ ಸರ್ಕಾರ ಎಲ್ಲಿ ಎಂದು ಕೇಳಿ ಸೆಪ್ಟೆಂಬರಿನಲ್ಲಿ "ಮೈಸೂರು ಚಲೋ" ನಡೆಯಿತು. ಅಕ್ಟೋಬರಿನಲ್ಲಿ ಒಪ್ಪಂದವಾಗಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು.

ಅರಸರನ್ನು ಕೇಳಿದ ನಾಡಿನಲ್ಲಿ ಒಡೆಯರನ್ನು ಕೇಳುವುದು ಇನ್ನೂ ಬಾಕಿಯಿತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಆ ಕೆಲಸ ಮಾಡಿದರು. ಜಗಳ ಎದ್ದದ್ದು ಗೇಣಿಯ ಭತ್ತ ಅಳೆಯುವ ಕೊಳಗದ ಮೇಲೆ. ಒಡೆಯರ ಕೊಳಗ ನ್ಯಾಯದ ಅಳತೆಗಿಂತ ದೊಡ್ಡದು ಎಂದು ಅವರು ಹೇಳಿದರು. ರೈತ ಸಂಘದ ಎಚ್. ಗಣಪತಿಯಪ್ಪನವರು, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ಡಾ. ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಮುಂದಿನ ಭೂಸುಧಾರಣೆಯ ಬೇರು ಈ ಕೊಳಗದಲ್ಲಿದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ನಮ್ಮ ಸದಸ್ಯರಲ್ಲಿ ಕೆಲವರ ಅಜ್ಜಂದಿರು ಗೇಣಿ ಅಳೆದುಕೊಟ್ಟವರು, ಕೆಲವರ ಅಜ್ಜಂದಿರು ಅಳೆಸಿಕೊಂಡವರು. ಇಂದು ಇಬ್ಬರ ಮೊಮ್ಮಕ್ಕಳೂ ಸಂಘದ ಒಂದೇ ತಕ್ಕಡಿಯ ಮುಂದೆ ಅಡಿಕೆ ಚೀಲ ಇಳಿಸುತ್ತಾರೆ. ಆ ತಕ್ಕಡಿಯನ್ನು ಕೇಳುವ ಹಕ್ಕು ಯಾರಿಂದ ಬಂತು ಎಂಬುದನ್ನು ಇಬ್ಬರೂ ಮರೆಯಬಾರದು.

ನಾಲ್ಕು ಸರ್ಕಾರಗಳ ಬೆಳೆ

1956ರ ನವೆಂಬರ್ 1ಕ್ಕೆ ಮೊದಲು ನಮ್ಮ ಬೆಳೆ ನಾಲ್ಕು ಸರ್ಕಾರಗಳಲ್ಲಿ ಹಂಚಿಹೋಗಿತ್ತು. ಚಿಕ್ಕಮಗಳೂರು, ಹಾಸನ, ಶಿವಮೊಗ್ಗ ಮೈಸೂರಿನಲ್ಲಿ. ದಕ್ಷಿಣ ಕನ್ನಡ ಮದರಾಸಿನಲ್ಲಿ. ಉತ್ತರ ಕನ್ನಡ ಮುಂಬಯಿಯಲ್ಲಿ. ಕೊಡಗು ತಾನೇ ಒಂದು ಪುಟ್ಟ ರಾಜ್ಯ. ಏಕೀಕರಣದಿಂದ ಇವೆಲ್ಲ ಒಂದೇ ಸೂರಿನಡಿ ಬಂದವು. ಕಾಸರಗೋಡು ಮಾತ್ರ ಕೇರಳಕ್ಕೆ ಹೋಯಿತು. ಆದರೂ ಅಡಿಕೆಯ ವಿಜ್ಞಾನಕ್ಕೆ ಗಡಿಯಿಲ್ಲ. ಅದೇ 1956ರಲ್ಲಿ ವಿಟ್ಲದಲ್ಲಿ ಆರಂಭವಾದ ಅಡಿಕೆ ಸಂಶೋಧನಾ ಕೇಂದ್ರ ಇಂದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಾಗಿದೆ.

ಮರುವರ್ಷ, 1957ರ ಏಪ್ರಿಲ್ 1ರಂದು, ಆಣೆ ಹೋಗಿ ರೂಪಾಯಿಗೆ ನೂರು ನಯಾ ಪೈಸೆ ಬಂತು. 1958ರ ಅಕ್ಟೋಬರಿನಿಂದ ಕಿಲೋಗ್ರಾಮಿನ ತೂಕ ಹಂತ ಹಂತವಾಗಿ ಜಾರಿಗೆ ಬಂತು. ಊರಿಗೊಂದು ಸೇರು, ಸೀಮೆಗೊಂದು ಮಣ ಇದ್ದ ಕಾಲ ಹಿಂದೆ ಸರಿಯಿತು. ಕಾಗೋಡಿನವರು ಕೊಳಗಕ್ಕೆ ಕೇಳಿದ ಪ್ರಶ್ನೆಗೆ ದೇಶವೇ ಕೊಟ್ಟ ಉತ್ತರ ಇದು ಎನ್ನಬಹುದು.

ಕತ್ತಿಯ ಅಲಗು ಹೇಳುವ ಉತ್ತರ

ನರಸಿಂಹಯ್ಯನವರು ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಅಣುಕೇಂದ್ರ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಸವನಗುಡಿಗೇ ಮರಳಿದರು. 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ವಾರವಾರವೂ ಉಪನ್ಯಾಸ, ಯಾರು ಬೇಕಾದರೂ ಬಂದು ಕೂರಬಹುದು, ಕೇಳಬಹುದು. ನಾನು ಓದುವಾಗಲೂ ಅವರು ಖಾದಿ ಉಟ್ಟು, ಹಾಸ್ಟೆಲಿನ ಕೋಣೆಯಲ್ಲೇ ವಾಸವಾಗಿದ್ದರು. ಪ್ರಶ್ನೆ ಮಾಡದೆ ಏನನ್ನೂ ಒಪ್ಪಬೇಡಿ ಎಂಬುದು ಅವರ ಜೀವನದ ಸಾರ.

ಅಂಥ ಕಡೆ ಓದಿಯೂ ನಾನು ಎಡವಿದ್ದೇನೆ. ಮೂರು ವರ್ಷದ ಹಿಂದೆ ಮಾರಾಟಗಾರರೊಬ್ಬರು "ಇದನ್ನು ಹೊಡೆದರೆ ಕೊಳೆ ಹತ್ತಿರ ಸುಳಿಯುವುದಿಲ್ಲ" ಎಂದು ಒಂದು ಔಷಧ ಕೊಟ್ಟರು. ಡಬ್ಬಿಯಲ್ಲಿ ಏನಿದೆ, ಎಲ್ಲಿ ಪರೀಕ್ಷೆಯಾಗಿದೆ ಎಂದು ಕೇಳಲಿಲ್ಲ. ಮಳೆಗೆ ಮುಂಚಿನ ಬೋರ್ಡೋ ತಪ್ಪಿಸಿದೆ. ಆಷಾಢ ಮುಗಿಯುವ ಹೊತ್ತಿಗೆ ಮರದ ಬುಡದಲ್ಲೆಲ್ಲ ಹಸಿ ಅಡಿಕೆ ಹಾಸಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಕ್ಕಳಿಗೆ ಹೇಳುವವನು ನಾನೇ!

ನಮ್ಮ ಹಳೆಯ ಬೋರ್ಡೋ ದ್ರಾವಣವನ್ನು ನೋಡಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸರಿಯಾಯಿತೇ ಎಂಬ ಸಂಶಯವಿದ್ದರೆ ಹೊಳೆಯುವ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಯಾರ ಮಾತನ್ನೂ ನಂಬಬೇಕಾಗಿಲ್ಲ, ಕತ್ತಿಯೇ ಉತ್ತರ ಹೇಳುತ್ತದೆ. ಅಷ್ಟು ಸರಳವಾದದ್ದು ವಿಜ್ಞಾನ.

ಆದುದರಿಂದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೆ. ಕಾಫಿ ಮಾರುವಾಗ ತೇವಾಂಶವನ್ನೂ ಔಟ್‌ಟರ್ನ್‌ನ್ನೂ ನಿಮ್ಮ ಕಣ್ಣೆದುರೇ ನೋಡಿಸಿಕೊಳ್ಳಿ. ಔಷಧ ಕೊಳ್ಳುವಾಗ ಯಾವ ಸಂಶೋಧನಾ ಕೇಂದ್ರ ಇದನ್ನು ಶಿಫಾರಸು ಮಾಡಿದೆ ಎಂದು ಕೇಳಿ. ಮುಂದಿನ ಮಹಾಸಭೆಗೆ ಹದಿನೈದು ದಿನ ಮೊದಲೇ ಸಂಘದ ಲೆಕ್ಕದ ಪುಸ್ತಕಗಳನ್ನು ಕಛೇರಿಯ ಮೇಜಿನ ಮೇಲೆ ಇಡಿಸುತ್ತೇನೆ. ಬನ್ನಿ, ತಿರುವಿ ಹಾಕಿ, ಗುರುತು ಮಾಡಿಕೊಳ್ಳಿ. ಸಭೆಯಲ್ಲಿ ನನ್ನನ್ನು ನಿಲ್ಲಿಸಿ ಕೇಳಿ. ಊಟ ಒಂದು ಗಂಟೆ ತಡವಾದರೂ ಚಿಂತೆಯಿಲ್ಲ.