ಖಾಲಿ ಪೀಠದ ಮೇಲೆ ಯಾರಿದ್ದರು?

‘ಡಾರ್ಕ್ ಸೋಲ್ಸ್’ ತನ್ನ ಕಥೆಯನ್ನು ಚೂರು ಮಾಡಿ ಉಂಗುರ, ಕತ್ತಿ, ಕಿರೀಟಗಳಲ್ಲಿ ಬಚ್ಚಿಟ್ಟ ವಿಡಿಯೊ ಗೇಮ್. ಆ ಚೂರುಗಳನ್ನು ಹೆಕ್ಕಿ ಜೋಡಿಸಲು ಕುಳಿತ ಅಭಿಮಾನಿಗಳ ತರ್ಕ, ಜಗಳ, ಹಟಗಳಿಂದ ಹೊಸದೊಂದು ಓದುವ ಕ್ರಮವೇ ಹುಟ್ಟಿಕೊಂಡಿತು.

2011ರ ಸೆಪ್ಟೆಂಬರ್‌ನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ಡಾರ್ಕ್ ಸೋಲ್ಸ್’ ಶುರುವಾಗುವ ಮುನ್ನ ಆಟಗಾರ ಒಂದು ಉಡುಗೊರೆ ಆರಿಸಿಕೊಳ್ಳಬಹುದು. ಹಲವು ಬೀಗಗಳನ್ನು ತೆರೆಯುವ ಕೀಲಿಕೈ, ಬೆಂಕಿಯುಂಡೆ, ದುರ್ಬೀನು ಮುಂತಾದವುಗಳ ನಡುವೆ ಒಂದು ಪದಕವೂ ಇದೆ. ಇದರಿಂದ ಪ್ರಯೋಜನವೇನಿಲ್ಲ, ಹಳೆಯ ನೆನಪುಗಳ ಸಮಾಧಾನವಷ್ಟೇ ಎಂದು ಆಟವೇ ಹೇಳಿಬಿಡುತ್ತದೆ. ಅಷ್ಟಕ್ಕೇ ಬಿಟ್ಟಿದ್ದರೆ ಯಾರೂ ಅದರತ್ತ ತಿರುಗಿ ನೋಡುತ್ತಿರಲಿಲ್ಲ. ಆದರೆ ನಿರ್ದೇಶಕ ಹಿದೆತಾಕಾ ಮಿಯಾಝಾಕಿ, ತಾನಾದರೆ ಆ ಪದಕವನ್ನೋ ಇಲ್ಲವೇ ಏನನ್ನೂ ಆರಿಸದಿರುವುದನ್ನೋ ಇಷ್ಟಪಡುತ್ತೇನೆ ಎಂದು ಸಂದರ್ಶನವೊಂದರಲ್ಲಿ ಹೇಳಿದರು. ಶುರುವಾಯಿತು ಹುಡುಕಾಟ. ಪದಕ ಕೊರಳಿಗಿದೆ ಎಂಬ ಧೈರ್ಯದಲ್ಲಿ ಜನ ಗೋಡೆ ಗೋಡೆ ತಟ್ಟಿ ನೋಡಿದರು, ಸತ್ತುಬಿದ್ದ ರಾಜರ ಮುಂದೆ ಮಂಡಿಯೂರಿದರು.

ಅವರನ್ನು ಮರುಳರೆನ್ನುವಂತಿಲ್ಲ. ಅದೇ ಪಟ್ಟಿಯಲ್ಲಿ ಮುದಿ ಮಾಟಗಾತಿಯ ಉಂಗುರವೊಂದಿತ್ತು. ಮೇಲ್ನೋಟಕ್ಕೆ ಅದೂ ಕೆಲಸಕ್ಕೆ ಬಾರದ್ದೇ. ಆದರೆ ಅದನ್ನು ತೊಟ್ಟು, ವಿಷದ ಜೌಗಿನಾಚೆಯ ಗುಹೆಯಲ್ಲಿ ಮಾಯಾಗೋಡೆಯೊಂದನ್ನು ದಾಟಿ ಒಳಹೊಕ್ಕರೆ, ಸೊಂಟದ ಕೆಳಗೆ ಜೇಡದ ದೇಹವಿರುವ, ರೋಗದಿಂದ ಬಿಳಿಚಿಕೊಂಡ ಹೆಣ್ಣೊಬ್ಬಳು ಕಾಣುತ್ತಾಳೆ. ಉಂಗುರವಿಲ್ಲದವರಿಗೆ ಅವಳ ಮಾತು ತಿಳಿಯದು. ಉಂಗುರ ತೊಟ್ಟವರಿಗೆ ತಿಳಿಯುತ್ತದೆ: ಬಂದವರನ್ನು ಆಕೆ ತನ್ನ ಸೋದರಿ ಕ್ವೆಲಾಗ್ ಎಂದುಕೊಂಡು ಅಕ್ಕರೆಯಿಂದ ಮಾತಾಡಿಸುತ್ತಿದ್ದಾಳೆ. ಆ ಕ್ವೆಲಾಗ್‌ಳನ್ನು ಆಟಗಾರ ಅಲ್ಲೇ ಮೇಲಿನ ಗುಹೆಯಲ್ಲಿ ಕೊಂದು ಬಂದಿರುತ್ತಾನೆ. ಕೆಲಸಕ್ಕೆ ಬಾರದ ಉಂಗುರದೊಳಗೇ ಇಷ್ಟು ಸಂಕಟ ಇರಬಹುದಾದರೆ ಪದಕದೊಳಗೆ ಇನ್ನೇನಿರಬೇಡ?

ಏನೂ ಇರಲಿಲ್ಲ. ಅದೊಂದು ತಮಾಷೆಯಾಗಿತ್ತು ಎಂದು ಮಿಯಾಝಾಕಿ 2012ರಲ್ಲಿ ಒಪ್ಪಿಕೊಂಡರು. ಆ ಹೊತ್ತಿಗೆ ಅಭಿಮಾನಿಗಳು ಒಂದು ಪಾಠ ಕಲಿತಾಗಿತ್ತು. ಈ ಆಟದಲ್ಲಿ ಹೇಳದೆ ಬಿಟ್ಟದ್ದು ಬಹಳವಿದೆ, ನಿಜ. ಅದರಲ್ಲಿ ಬೇಕೆಂದೇ ಮುಚ್ಚಿಟ್ಟದ್ದು ಯಾವುದು, ಬರೀ ಖಾಲಿಯಾಗಿರುವುದು ಯಾವುದು ಎಂದು ಬಿಡಿಸಿಕೊಳ್ಳುವುದೇ ಕಷ್ಟದ ಕೆಲಸ. ಮುಂದೆ ಹುಟ್ಟಿದ ಥಿಯರಿಗಳೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಬೆಳೆದವು.

ಅರ್ಧ ತಿಳಿದ ಪುಸ್ತಕಗಳು

ಈ ಬಗೆಯ ಕಥನದ ಬೇರು ಮಿಯಾಝಾಕಿಯವರ ಬಾಲ್ಯದಲ್ಲಿದೆ. ಶಿಜುವೊಕಾದ ಅನುಕೂಲವಿಲ್ಲದ ಮನೆಯ ಹುಡುಗ ಗ್ರಂಥಾಲಯದಿಂದ ತನ್ನ ವಯಸ್ಸಿಗೆ ಮೀರಿದ ಪುಸ್ತಕಗಳನ್ನು ತಂದು ಓದುತ್ತಿದ್ದ. ತಿಳಿಯದ ಭಾಗ ಬಂದಾಗ ಪಕ್ಕದ ಚಿತ್ರ ನೋಡಿ, ಉಳಿದ ಕಥೆಯನ್ನು ತಾನೇ ಕಟ್ಟಿಕೊಳ್ಳುತ್ತಿದ್ದ. ದೊಡ್ಡವನಾಗಿ ಸಾಫ್ಟ್‌ವೇರ್ ಕಂಪನಿಯ ಉದ್ಯೋಗ ಹಿಡಿದ. ‘ಇಕೊ’ ಎಂಬ ಆಟ ಆಡಿದ ಮೇಲೆ ಆ ಕೆಲಸ ರುಚಿಸಲಿಲ್ಲ. 29ರ ವಯಸ್ಸಿನಲ್ಲಿ, 2004ರಲ್ಲಿ, ಟೋಕಿಯೊದ ಫ್ರಮ್‌ಸಾಫ್ಟ್‌ವೇರ್ ಸೇರಿದರು. ಹತ್ತು ವರ್ಷಕ್ಕೆ ಅದರ ಅಧ್ಯಕ್ಷರೂ ಆದರು.

1986ರಲ್ಲಿ ಕಚೇರಿ ಕೆಲಸದ ಸಾಫ್ಟ್‌ವೇರ್ ಮಾಡಲು ಹುಟ್ಟಿದ ಆ ಕಂಪನಿ 1994ರ ‘ಕಿಂಗ್ಸ್ ಫೀಲ್ಡ್’ ಮೂಲಕ ಆಟದ ಲೋಕಕ್ಕೆ ಬಂದಿತ್ತು. ಮಿಯಾಝಾಕಿ ನಿರ್ದೇಶಿಸಿದ ‘ಡೀಮನ್ಸ್ ಸೋಲ್ಸ್’ 2009ರಲ್ಲಿ ಬಂತು. ಅದರ ಬೆನ್ನಿಗೇ ‘ಡಾರ್ಕ್ ಸೋಲ್ಸ್’. ಇಲ್ಲಿ ಸೂತ್ರಧಾರನಿಲ್ಲ, ಹಿಂದಿನದನ್ನು ವಿವರಿಸುವ ದೃಶ್ಯಗಳು ಕಡಿಮೆ. ಕೈಗೆ ಸಿಕ್ಕ ಪ್ರತಿ ವಸ್ತುವಿನ ಜೊತೆಗೆ ನಾಲ್ಕಾರು ಸಾಲಿನ ವಿವರಣೆ, ಎದುರಾದವರು ಆಡುವ ಒಗಟಿನಂಥ ಮಾತು, ಯಾವ ಹೆಣ ಎಲ್ಲಿ ಯಾವ ಕಡೆ ಮುಖ ಮಾಡಿ ಬಿದ್ದಿದೆ ಎಂಬ ಸುಳಿವು, ಇಷ್ಟೇ ಬಂಡವಾಳ. ಬಾಲಕ ಮಿಯಾಝಾಕಿ ತಿಳಿಯದ ಪುಟಗಳ ಮುಂದೆ ಕುಳಿತಂತೆ ಆಟಗಾರ ಇಲ್ಲಿ ಕುಳಿತುಕೊಳ್ಳುತ್ತಾನೆ.

ತಿರುಚಿಕೊಂಡ ಕಾಲ

ಕಾಲಾನುಕ್ರಮದ ತಂಟೆ ಹುಟ್ಟಿದ್ದು ಒಂದು ಹಿಮದ ರಸ್ತೆಯಲ್ಲಿ. ಗುಡ್ಡದ ಏರಿನಲ್ಲಿ ಹಿಮ ಬಿದ್ದು ಕಾರುಗಳು ನಿಂತುಬಿಟ್ಟಿದ್ದವು. ಹಿಂದಿನ ಕಾರು ಮುಂದಿನದನ್ನು ತಳ್ಳುತ್ತಾ ಎಲ್ಲರೂ ಒಬ್ಬೊಬ್ಬರಾಗಿ ಏರು ದಾಟಿದರು. ನಿಂತು ಕೃತಜ್ಞತೆ ಹೇಳೋಣವೆಂದರೆ ಕಾರು ಮತ್ತೆ ಸಿಕ್ಕಿಬೀಳುವ ಭಯ. ಮುಖ ಪರಿಚಯವೂ ಇಲ್ಲದವರ ಆ ನೆರವೇ ತಮ್ಮ ಆಟದಲ್ಲಿ ಹಲವರು ಕೂಡಿ ಆಡುವ ಕ್ರಮಕ್ಕೆ ಪ್ರೇರಣೆ ಎಂದು ಮಿಯಾಝಾಕಿ ಹೇಳಿದ್ದಾರೆ. ಆಟಗಾರರು ನೆಲದ ಮೇಲೆ ಹೊಳೆಯುವ ಸಹಿ ಬರೆದಿಡುತ್ತಾರೆ. ಬೇರೊಂದು ಮನೆಯಲ್ಲಿ ಆಡುತ್ತಿರುವವನು ಅದನ್ನು ಮುಟ್ಟಿ ಅವರನ್ನು ಕರೆಸಿಕೊಳ್ಳುತ್ತಾನೆ. ಬಂದವನು ಕಾದಾಡಿ, ಮಾತಿಲ್ಲದೆ ಮರೆಯಾಗುತ್ತಾನೆ.

ಇಂಥ ವ್ಯವಸ್ಥೆಗೆ ಕಥೆಯೊಳಗೂ ಒಂದು ಕಾರಣ ಬೇಕಲ್ಲ? ಅದನ್ನು ಹೇಳುವವನು ಸೊಲೇರ್ ಎಂಬ ಯೋಧ: ಈ ನಾಡಿನಲ್ಲಿ ಕಾಲದ ಹರಿವೇ ಸಿಕ್ಕುಸಿಕ್ಕಾಗಿದೆ, ನೂರಾರು ವರ್ಷ ಹಿಂದಿನ ವೀರರು ಬಂದು ಹೋಗುತ್ತಿರುತ್ತಾರೆ. ಆಟದ ಅನುಕೂಲಕ್ಕೆ ಹೆಣೆದ ಈ ಮಾತನ್ನು ಅಭಿಮಾನಿಗಳು ಆ ಲೋಕದ ಭೌತಶಾಸ್ತ್ರದ ಮೊದಲ ನಿಯಮವಾಗಿ ಓದಿದರು. ಪಂಚಾಂಗವಿಲ್ಲದ ನಾಡಿನಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ವಾದಿಸಲು ಪರವಾನಗಿ ಸಿಕ್ಕಂತಾಯಿತು.

2012ರ ‘ಆರ್ಟೋರಿಯಸ್ ಆಫ್ ದಿ ಅಬಿಸ್’ ಭಾಗ ಆ ವಾದಕ್ಕೆ ತುಪ್ಪ ಸುರಿಯಿತು. ಮೂಲ ಆಟದಲ್ಲಿ ಆರ್ಟೋರಿಯಸ್ ಪಾತಾಳದ ಕತ್ತಲನ್ನು ಹಿಮ್ಮೆಟ್ಟಿಸಿದ ವೀರ. ಅವನ ಸಮಾಧಿಯನ್ನು ಸಿಫ್ ಎಂಬ ದೈತ್ಯ ತೋಳ ಕಾಯುತ್ತದೆ. ಯಜಮಾನನ ಕತ್ತಿಯನ್ನು ಬಾಯಲ್ಲಿ ಕಚ್ಚಿ ಹೋರಾಡುತ್ತದೆ, ಸಾಯುವ ಹೊತ್ತಿಗೆ ಕುಂಟುತ್ತಾ ಮುಗ್ಗರಿಸುತ್ತಾ ಕತ್ತಿ ಬೀಸುತ್ತದೆ. ಹೊಸ ಭಾಗದಲ್ಲಿ ಆಟಗಾರ ಹಿಂದಿನ ಕಾಲಕ್ಕೇ ಹೋಗುತ್ತಾನೆ. ಅಲ್ಲಿ ನೋಡಿದರೆ ಆರ್ಟೋರಿಯಸ್ ಆಗಲೇ ಸೋತಿದ್ದಾನೆ. ಕತ್ತಲು ಅವನನ್ನು ನುಂಗಿದೆ, ಒಂದು ತೋಳು ಮುರಿದು ಜೋತಾಡುತ್ತಿದೆ. ಅವನನ್ನೂ ಕೊಂದು, ಕತ್ತಲ ಮೂಲವನ್ನೂ ಮುಗಿಸುವವನು ಆಟಗಾರ. ಕೀರ್ತಿ ಉಳಿಯುವುದು ಆರ್ಟೋರಿಯಸ್‌ನ ಹೆಸರಿಗೆ.

ಅಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಿಂದಿನ ಕಾಲದಲ್ಲಿ ಮರಿ ಸಿಫ್‌ನನ್ನು ಕಾಪಾಡಿ, ಆಮೇಲೆ ಸಮಾಧಿಗೆ ಬಂದರೆ ಬೇರೆಯದೇ ದೃಶ್ಯ ಕಾಣುತ್ತದೆ. ದೈತ್ಯ ತೋಳ ಆಟಗಾರನನ್ನು ಮೂಸಿ ಗುರುತು ಹಿಡಿಯುತ್ತದೆ, ಕೊರಳೆತ್ತಿ ಊಳಿಡುತ್ತದೆ, ಆಮೇಲೆ ವಿಧಿಯಿಲ್ಲದೆ ಕತ್ತಿ ಎತ್ತಿಕೊಳ್ಳುತ್ತದೆ. ಹಾಗಿದ್ದರೆ ಆಟಗಾರ ಇತಿಹಾಸವನ್ನು ಬದಲಿಸಿದನೋ, ಮೊದಲಿನಿಂದಲೂ ಆಗಿದ್ದನ್ನೇ ಮಾಡಿ ಬಂದನೋ? ಎರಡೂ ಪಕ್ಷಕ್ಕೆ ಇಂದಿಗೂ ವಕೀಲರಿದ್ದಾರೆ.

ಅಳಿಸಿಹೋದ ಹಿರಿಮಗ

ಥಿಯರಿಗಳಲ್ಲಿ ಅತಿ ಹೆಚ್ಚು ಸದ್ದು ಮಾಡಿದ್ದು ಸೂರ್ಯಪ್ರಭು ಗ್ವಿನ್‌ನ ಹಿರಿಮಗನದು. ಒಂದು ಉಂಗುರದ ವಿವರಣೆ ಇಷ್ಟು ತಿಳಿಸುತ್ತದೆ: ಅವನು ಯುದ್ಧದ ದೇವತೆಯಾಗಿದ್ದ, ಮೂರ್ಖತನಕ್ಕೆ ದೈವತ್ವ ಕಳೆದುಕೊಂಡ, ಚರಿತ್ರೆಯಿಂದ ಅವನ ಹೆಸರೇ ಅಳಿದಿದೆ. ಅನೋರ್ ಲೊಂಡೊ ಅರಮನೆಯಲ್ಲಿ ರಾಜಕುಟುಂಬದ ಪ್ರತಿಮೆಗಳ ನಡುವೆ ಒಂದು ಪೀಠ ಖಾಲಿ. ಊರಾಚೆಯ ಸೂರ್ಯಪೀಠದಲ್ಲಿ ಒಂದು ವಿಗ್ರಹ ಮುರಿದುಬಿದ್ದಿದೆ. ತ್ರುಟಿತ ಶಾಸನ ಓದುವವರು ಕೆತ್ತಿ ಅಳಿಸಿದ ಸಾಲಿನ ಮೇಲೇ ಕಣ್ಣು ನೆಡುವಂತೆ, ಅಭಿಮಾನಿಗಳು ಆ ಖಾಲಿ ಪೀಠ ಹಿಡಿದು ಕುಳಿತರು.

ಮೊದಲ ಅನುಮಾನ ಬಿದ್ದದ್ದು ಸೊಲೇರ್ ಮೇಲೆ. ಎದೆಗವಚದ ಮೇಲೆ ಸೂರ್ಯ, ಬಾಯಲ್ಲಿ ಸೂರ್ಯ, ಕೈಯಲ್ಲಿ ಸಿಡಿಲು. ದೇವಪುತ್ರನೇ ವೇಷ ಮರೆಸಿಕೊಂಡು ತಿರುಗುತ್ತಿದ್ದಾನೆ ಎಂದರು. ಇದಿರುವಾದವೂ ವಸ್ತುವಿವರಣೆಯಿಂದಲೇ ಬಂತು. ಆ ಸೂರ್ಯನ ಚಿತ್ರಕ್ಕೆ ಯಾವ ಶಕ್ತಿಯೂ ಇಲ್ಲ, ಅದು ಸೊಲೇರ್ ತಾನೇ ಬರೆದುಕೊಂಡದ್ದು. ಸಾಧಾರಣ ಕವಚ ತೊಟ್ಟು ಬರೀ ಸಾಧನೆಯಿಂದ ಮೇಲೆ ಬಂದ ಮನುಷ್ಯ ಅವನು. ಇನ್ನು ಕೆಲವರು ಮೈಕಟ್ಟು ನೋಡಿ ಕಮ್ಮಾರ ಆಂಡ್ರೆಯತ್ತ ಬೊಟ್ಟು ಮಾಡಿದರು. 2014ರಲ್ಲಿ ‘ಡಾರ್ಕ್ ಸೋಲ್ಸ್ 2’ ಬಂದು ಫರಾಮ್ ಎಂಬ ಯುದ್ಧದೇವತೆಯ ಹೆಸರು ಕಾಣಿಸಿದಾಗ, ಹಿರಿಮಗನ ಹೆಸರು ಸಿಕ್ಕಿತೆಂದು ಸಂಭ್ರಮಿಸಿದವರೂ ಇದ್ದರು.

2016ರ ಮೂರನೆಯ ಆಟದಲ್ಲಿ ಬಹುಮಟ್ಟಿಗೆ ಉತ್ತರ ದೊರೆಯಿತು. ಪುರಾತನ ಡ್ರ್ಯಾಗನ್‌ಗಳ ಶಿಖರಕ್ಕೆ ದಾರಿಯಿಲ್ಲ. ಸರಿಯಾದ ಜಾಗದಲ್ಲಿ, ಸರಿಯಾದ ಭಂಗಿಯಲ್ಲಿ ಧ್ಯಾನಕ್ಕೆ ಕುಳಿತವರಿಗಷ್ಟೇ ಅದು ತೆರೆದುಕೊಳ್ಳುತ್ತದೆ. ಅಲ್ಲಿ ಮೋಡಗಳ ನಡುವಿನಿಂದ ಡ್ರ್ಯಾಗನ್ ಏರಿ ಬರುವವನು ‘ಹೆಸರಿಲ್ಲದ ರಾಜ’. ಸಿಡಿಲಿನ ಉತ್ತರಾಧಿಕಾರಿ. ಒಂದು ಕಾಲಕ್ಕೆ ಡ್ರ್ಯಾಗನ್‌ಗಳನ್ನು ಬೇಟೆಯಾಡಿದ ಯುದ್ಧದೇವತೆ, ಆಮೇಲೆ ಸರ್ವಸ್ವ ತೊರೆದು ಅವುಗಳ ಪಕ್ಷ ಸೇರಿದವನು. ಅಪ್ಪ ಗ್ವಿನ್ ಸಾಮ್ರಾಜ್ಯ ಕಟ್ಟಿದ್ದೇ ಡ್ರ್ಯಾಗನ್‌ಗಳನ್ನು ಕೊಂದು. ಮಗನ ‘ಮೂರ್ಖತನ’ ಯಾವುದಿದ್ದಿರಬೇಕು ಎಂಬುದು ಆಗ ಹೊಳೆಯಿತು. ಇವನೇ ಆ ಹಿರಿಮಗ ಎಂದು ಆಟ ಆಗಲೂ ಬಾಯಿಬಿಟ್ಟು ಹೇಳಲಿಲ್ಲ.

ಸಾಕ್ಷ್ಯದ ಮೇಲುಕೀಳು

ಇಷ್ಟರಲ್ಲಿ ಥಿಯರಿ ಕಟ್ಟುವುದೊಂದು ಕಸುಬಾಗಿತ್ತು. ಯೂಟ್ಯೂಬ್‌ನಲ್ಲಿ ವಾಟಿವಿದ್ಯಾ ಎಂಬ ಹೆಸರಿನ ಆಸ್ಟ್ರೇಲಿಯಾದವರು ‘ಪ್ರಿಪೇರ್ ಟು ಕ್ರೈ’ ಸರಣಿಯಲ್ಲಿ ಒಂದೊಂದು ಪಾತ್ರದ ಚೂರುಗಳನ್ನೂ ಕೂಡಿಸಿ ಮೆಲುದನಿಯಲ್ಲಿ ಕಥೆ ಹೇಳಿದರು. 2015ರ ‘ಬ್ಲಡ್‌ಬೋರ್ನ್’ ಆಟದ ಮೇಲೆ ರೆಡ್‌ಗ್ರೇವ್ ಎಂಬ ಕಾವ್ಯನಾಮದವರು ‘ದಿ ಪೇಲ್‌ಬ್ಲಡ್ ಹಂಟ್’ ಎಂಬ ಪುಸ್ತಕದಷ್ಟುದ್ದದ ವ್ಯಾಖ್ಯಾನ ಬರೆದರು. ಕೀಝಾ ಮೆಕ್‌ಡೊನಾಲ್ಡ್ ಮತ್ತು ಜೇಸನ್ ಕಿಲ್ಲಿಂಗ್ಸ್‌ವರ್ತ್ 2016ರಲ್ಲಿ ‘ಯು ಡೈಡ್’ ಎಂಬ ಪುಸ್ತಕ ತಂದರು.

ಕಸುಬಿಗೆ ತಕ್ಕ ಕಟ್ಟುಪಾಡುಗಳೂ ಬಂದವು. ವಸ್ತುವಿನ ವಿವರಣೆಗೆ ತೂಕ ಹೆಚ್ಚು. ಪಾತ್ರಗಳ ಮಾತಿಗೆ ಕಡಿಮೆ, ಅವರು ಸುಳ್ಳಾಡಬಹುದು. ಆಟದ ಕಡತಗಳನ್ನು ಬಗೆದು ತೆಗೆದ, ಕೈಬಿಟ್ಟ ಸಂಭಾಷಣೆಗಳದು ಅಡ್ಡಗೋಡೆಯ ಮೇಲಿನ ದೀಪದ ಸ್ಥಿತಿ. ಮೊದಲ ಆಟದ ಆರಂಭದಲ್ಲೇ ಸಾಯುವ ಆಸ್ಕರ್ ಎಂಬ ಯೋಧ ಹಿಂದೊಮ್ಮೆ ಆಟಗಾರನಿಗೆ ಎದುರಾಳಿಯಾಗಬೇಕಿತ್ತು ಎಂದು ಅಲ್ಲಿಂದ ಗೊತ್ತಾಯಿತು. ಆದರೆ ಬರೆದವರೇ ಹೊಡೆದುಹಾಕಿದ ಸಾಲನ್ನು ಕಥೆಯೆಂದು ಲೆಕ್ಕಕ್ಕೆ ಹಿಡಿಯಬಹುದೇ?

ಕಟ್ಟುಪಾಡು ಮೀರಿದವರಿಗೆ ಗೇಲಿಯೂ ಕಾದಿತ್ತು. ಪಾಪಗಳ ಲೆಕ್ಕವಿಡುವ ವೆಲ್ಕಾ ಎಂಬ ದೇವತೆ ಹೆಸರಿಗಷ್ಟೇ ಇದ್ದಾಳೆ, ಮೊದಲ ಆಟದಲ್ಲಿ ಎಲ್ಲೂ ಮುಖ ತೋರಿಸುವುದಿಲ್ಲ. ಅವಳೇ ಗ್ವಿನ್‌ನ ಹೆಂಡತಿ, ಅವಳೇ ಎಲ್ಲ ಪಿತೂರಿಯ ಹಿಂದಿರುವವಳು ಎಂಬ ಥಿಯರಿಗಳು ಎಷ್ಟು ಬಂದವೆಂದರೆ, ಬಗೆಹರಿಯದ್ದನ್ನೆಲ್ಲ ವೆಲ್ಕಾಳ ತಲೆಗೆ ಕಟ್ಟುವುದೇ ಅಭಿಮಾನಿಗಳ ನಡುವೆ ನಗೆಚಾಟಿಕೆಯಾಯಿತು.

ಗಂಭೀರ ವಿವಾದಗಳೂ ಮುಗಿದಿಲ್ಲ. ಮೂರನೆಯ ಆಟದಲ್ಲಿ ಮಾಯಾಗೋಡೆಯೊಂದರ ಹಿಂದೆ ನಡೆದುಹೋದರೆ, ಆಟ ಆರಂಭವಾದ ಅದೇ ಸ್ಮಶಾನ ಸಿಗುತ್ತದೆ. ಆದರೆ ಅಲ್ಲಿ ಬೆಳಕಿಲ್ಲ, ಗುಡಿಯೊಳಗೆ ಬೆಂಕಿಯಿಲ್ಲ. ಆರಂಭದಲ್ಲಿ ಎದುರಾದ ಗುಂಡಿರ್ ಅಲ್ಲಿ ಇನ್ನೂ ಗಟ್ಟಿಮುಟ್ಟಾಗಿದ್ದಾನೆ. ಹಾಗಾಗಿ ಇದು ಭೂತಕಾಲವೆನ್ನುತ್ತಾರೆ ಹಲವರು. ಕಾಲ್ನಡಿಗೆಯಲ್ಲಿ ಭೂತಕಾಲಕ್ಕೆ ಹೋಗುವುದು ಹೇಗೆ ಎಂದರೆ, ಸೊಲೇರ್ ಹೇಳಿದ್ದು ಮರೆತಿರಾ ಎಂದು ಮರುಪ್ರಶ್ನೆ.

ಆಟವೇ ಕೊಟ್ಟ ಮನೆಗೆಲಸ

2022ರ ‘ಎಲ್ಡನ್ ರಿಂಗ್’ ಹೊತ್ತಿಗೆ ಕಂಪನಿಗೂ ತನ್ನ ಓದುಗರು ಎಂಥವರೆಂದು ತಿಳಿದಿತ್ತು. ಈ ಲೋಕದ ಪುರಾಣವನ್ನು ಬರೆದುಕೊಟ್ಟವರು ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್. ಆ ಪುರಾಣವನ್ನು ಒಡೆದು, ಅವಶೇಷಗಳನ್ನು ಆಟಗಾರನ ಮುಂದೆ ಹರಡಿದವರು ಮಿಯಾಝಾಕಿ. ಗಾಡ್ರಿಕ್, ರಾಡಗನ್, ರೆನಾಲಾ, ಮಾರಿಕಾ ಎಂಬ ಹೆಸರುಗಳ ಮೊದಲಕ್ಷರಗಳಲ್ಲಿ ಮಾರ್ಟಿನ್ ತಮ್ಮ ಹೆಸರನ್ನೇ ಹುದುಗಿಸಿದ್ದಾರೆ ಎಂಬ ಥಿಯರಿ ಹುಟ್ಟಿದಾಗ ಅವರೇ ಅದನ್ನು ತಳ್ಳಿಹಾಕಿದರು: ಆಟದ ಮೇಲೆ ನನ್ನ ಹೆಸರು ಎದ್ದು ಕಾಣುವಾಗ ಒಳಗೆ ಬಚ್ಚಿಡುವ ದರ್ದೇನು?

ಈ ಆಟದಲ್ಲಿ ಥಿಯರಿ ಬಿಡಿಸುವುದೇ ಒಂದು ಕಾರ್ಯ. ರಾಜಧಾನಿಯಲ್ಲಿ ಚಿನ್ನದ ಮುಖವಾಡದ ಮೌನಿ ಪಂಡಿತನೊಬ್ಬ ಯೋಚನೆಯ ನಡುವೆ ಸಿಕ್ಕಿಕೊಂಡು ಬೆರಳಾಡಿಸುವುದನ್ನೂ ನಿಲ್ಲಿಸಿಬಿಟ್ಟಿದ್ದಾನೆ. ಆಟಗಾರ ರಾಡಗನ್‌ನ ಪ್ರತಿಮೆಯೊಂದನ್ನು ಹುಡುಕಿ, ಅದರ ಮುಂದೆ ಒಂದು ಮಂತ್ರ ಹೇಳಬೇಕು. ಆ ಮಂತ್ರಕ್ಕೆ ಬುದ್ಧಿಶಕ್ತಿಯ ಅಂಕ 37 ಇರಬೇಕು. ಹೇಳಿದೊಡನೆ ಪ್ರತಿಮೆ ಬದಲಾಗಿ ರಾಣಿ ಮಾರಿಕಾಳ ರೂಪ ಮೂಡುತ್ತದೆ. ಗಂಡ ಹೆಂಡತಿ ಎಂದು ಲೋಕ ನಂಬಿದ ಇಬ್ಬರು ಒಬ್ಬರೇ. ಆ ಸತ್ಯವನ್ನು ತಂದು ಹೇಳಿದ ಮೇಲೆಯೇ ಪಂಡಿತನ ಚಿಂತನೆ ಮುಂದೆ ಸಾಗುವುದು.

2024ರ ಜೂನ್‌ನಲ್ಲಿ ಬಂದ ‘ಶ್ಯಾಡೊ ಆಫ್ ದಿ ಎರ್ಡ್‌ಟ್ರೀ’ ಭಾಗ ಇನ್ನೊಂದು ಕಟ್ಟೆಯೊಡೆಯಿತು. ರಕ್ತಪ್ರಭು ಮೋಗ್ ಬಾಲರೂಪದ ಮಿಕೆಲ್ಲಾನನ್ನು ಅಪಹರಿಸಿದ ಎಂಬುದು ಮೂಲ ಆಟದ ಕಥೆ. ಮಿಕೆಲ್ಲಾಗೆ ಯಾರ ಮನಸ್ಸನ್ನಾದರೂ ಪ್ರೀತಿಗೆ ಕಟ್ಟಿಹಾಕುವ ಶಕ್ತಿಯಿದೆ ಎಂಬ ವಸ್ತುವಿವರಣೆ ಹಿಡಿದು, ಮರುಳಾದವನು ಮೋಗ್ ಎಂದು ಕೆಲವರು ಆಗಲೇ ವಾದಿಸಿದ್ದರು. ಹೊಸ ಭಾಗ ಅವರ ಮಾತನ್ನು ಎತ್ತಿಹಿಡಿಯಿತು. ಖಳನೆಂದು ಎಲ್ಲರೂ ಶಪಿಸಿದ್ದ ಮೋಗ್ ಬಲಿಪಶುವಾಗಿದ್ದ. ಇಂಥ ಗೆಲುವು ಸಿಕ್ಕಿದ್ದು ಕಣಿ ಹೇಳಿದವರಿಗಲ್ಲ, ಕೈಯಲ್ಲಿದ್ದ ನಾಲ್ಕು ಸಾಲನ್ನು ಸಾವಧಾನದಿಂದ ಓದಿದವರಿಗೆ.

2025ರ ಮೇ ತಿಂಗಳಲ್ಲಿ ‘ಎಲ್ಡನ್ ರಿಂಗ್ ನೈಟ್‌ರೇನ್’ ಬಂತು. ಇದು ಬೇರೊಂದು ಕವಲು ಕಾಲ ಎಂದು ನಿರ್ದೇಶಕ ಜುನ್ಯಾ ಇಷಿಝಾಕಿ ಮೊದಲೇ ಹೇಳಿದ್ದರು. ಹಾಗಿದ್ದೂ ಅದರೊಳಗೆ ‘ಡಾರ್ಕ್ ಸೋಲ್ಸ್’ನ ಹೆಸರಿಲ್ಲದ ರಾಜ ಡ್ರ್ಯಾಗನ್ ಏರಿಕೊಂಡೇ ಪ್ರತ್ಯಕ್ಷನಾದ. ಎರಡು ಲೋಕಗಳೂ ಒಂದೇ ಎಂಬ ಹಳೆಯ ಥಿಯರಿಗೆ ಮತ್ತೆ ಜೀವ ಬಂತು. ಹಳೆಯ ವೈರಿಗಳನ್ನು ತಂದದ್ದು ಮುಖ್ಯವಾಗಿ ಆಟದ ಸೊಗಸಿಗಾಗಿ ಎಂಬುದು ಇಷಿಝಾಕಿಯವರ ವಿವರಣೆ. ಅದನ್ನು ಒಪ್ಪಿ ಕಡತ ಮುಚ್ಚಿದವರಿದ್ದಾರೆ. ಒಪ್ಪದವರ ವಾದಕ್ಕೂ ಬುಡವಿದೆ. ಸೊಲೇರ್‌ನ ಮಾತು ಕೂಡ ಹುಟ್ಟಿದ್ದು ಆಟದ ಅನುಕೂಲಕ್ಕೇ. ಆ ಲೋಕದಲ್ಲಿ ಕಾಲ ಹೇಗೆ ನಡೆಯುತ್ತದೆ ಎಂದು ತಿಳಿಯಲು ಇವತ್ತಿಗೂ ಎಲ್ಲರೂ ಹಿಡಿಯುವ ಆಧಾರ ಅದೇ.