ಬೈಕಿನ ಸೀಟು ಸಿಕ್ಕಿಕೊಂಡರೆ ಎಳೆಯಬೇಡಿ, ಒತ್ತಿ!



ನಮ್ಮ ಶಾಲೆಯ ಅಂಗಳದಲ್ಲಿ ದಿನಾ ನಾಲ್ಕೈದು ಬೈಕುಗಳು ನಿಲ್ಲುತ್ತವೆ. ಅವುಗಳ ಸೀಟಿನ ಕೆಳಗೆ ಎಂತ ಉಂಟು ಅಂತ ನಿಮಗೆ ಗೊತ್ತುಂಟಾ? ನಮ್ಮಲ್ಲಿ ಹೆಚ್ಚಿನವರಿಗೆ ಸೀಟು ಎಂದರೆ ಕೂತುಕೊಳ್ಳುವ ಜಾಗ, ಅಷ್ಟೆ. ಆದರೆ ಅದು ಒಂದು ಪೆಟ್ಟಿಗೆಯ ಮುಚ್ಚಳವೂ ಹೌದು. ಎಷ್ಟೋ ಬೈಕುಗಳಲ್ಲಿ ಅದರ ಕೆಳಗೆ ಬ್ಯಾಟರಿ, ಫ್ಯೂಸ್, ಸ್ಪ್ಯಾನರ್ ಮತ್ತು ಸ್ಕ್ರೂಡ್ರೈವರ್ ಇರುವ ಸಣ್ಣ ಚೀಲ, ಬೈಕಿನ ಕಾಗದಪತ್ರ ಎಲ್ಲ ಇರ್ತದೆ. ಆ ಮುಚ್ಚಳವೇ ತೆಗೆಯಲಿಕ್ಕೆ ಬಾರದಿದ್ದರೆ ರಿಪೇರಿ ಮಾಡುವ ಸಾಮಾನು ಬೈಕಿನ ಒಳಗೇ ಬಂದಿ! ಬೀಗದ ಕೈಯನ್ನು ತಿಜೋರಿಯೊಳಗೆ ಇಟ್ಟು ತಿಜೋರಿಗೆ ಬೀಗ ಹಾಕಿದ ಹಾಗೆ.

ಎಲ್ಲ ಬೈಕಿನಲ್ಲೂ ಹೀಗೆಯೇ ಇಲ್ಲ. ಕೆಲವದರಲ್ಲಿ ಸೀಟನ್ನು ಬೋಲ್ಟ್ ಹಾಕಿಯೇ ಬಿಗಿದಿರ್ತಾರೆ. ಇನ್ನು ಹಳೇ ಬೈಕು ಎಂದ ಕೂಡಲೇ ದೊಡ್ಡವರಿಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ನೆನಪಾಗ್ತದೆ. ಆ ಕಾರ್ಖಾನೆ 1996ರಲ್ಲೇ ಮುಚ್ಚಿತು. ನಾನು ಹೇಳುವುದು ಅಷ್ಟು ಹಳೆಯದರ ವಿಷಯ ಅಲ್ಲ. ಹತ್ತು ಹದಿನೈದು ವರ್ಷ ಓಡಿದ, ಸೀಟನ್ನು ಕೀ ಹಾಕಿ ತೆಗೆಯುವ ಬೈಕಿನ ವಿಷಯ.

ಅಂಥ ಒಂದು ಬೈಕು ಮಂಗಳೂರಿನ ಮಣ್ಣಗುಡ್ಡದಲ್ಲಿರುವ ನನ್ನ ಮಾವನ ಹತ್ತಿರ ಉಂಟು. ಮಾವ ಮನೆಗಳಿಗೆ ಕರೆಂಟಿನ ವಯರಿಂಗ್ ಮಾಡುವವರು. ದಸರಾ ರಜೆಯಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಒಂದು ದಿನ ಬೆಳಿಗ್ಗೆ ಬೈಕು ಸತ್ತೇ ಹೋಯಿತು. ಕೀ ತಿರುಗಿಸಿದರೆ ಲೈಟಿಲ್ಲ, ಹಾರ್ನಿಲ್ಲ, ಸೆಲ್ಫ್ ಇಲ್ಲ. "ಫ್ಯೂಸ್ ಹೋಗಿದೆ, ಎರಡು ನಿಮಿಷದ ಕೆಲಸ" ಎಂದರು ಮಾವ. ಆದರೆ ಫ್ಯೂಸ್ ಇರುವುದು ಸೀಟಿನ ಅಡಿಯಲ್ಲಿ. ಸೀಟಿನ ಕೀ ತಿರುಗಿಸಿ ಎತ್ತಿದರೆ ಸೀಟು ಬರಲೇ ಇಲ್ಲ. ಊರವರ ಮನೆಯ ಫ್ಯೂಸ್ ಎಲ್ಲ ಹಾಕಿ ಕೊಡುವವರಿಗೆ ತಮ್ಮ ಬೈಕಿನ ಫ್ಯೂಸ್ ಮುಟ್ಟಲಿಕ್ಕೆ ಆಗುವುದಿಲ್ಲ!

ನಗುವ ವಿಷಯ ಆಗಿರಲಿಲ್ಲ. ಕೊಟ್ಟಾರದಲ್ಲಿ ಒಂದು ಹೊಸ ಮನೆಯ ಸ್ಲ್ಯಾಬಿಗೆ ಮರುದಿನ ಬೆಳಿಗ್ಗೆ ಕಾಂಕ್ರೀಟ್ ಹಾಕುವುದಿತ್ತು. ಸ್ಲ್ಯಾಬಿನ ಒಳಗೆ ವಯರ್ ಹೋಗುವ ಪೈಪನ್ನು ಕಾಂಕ್ರೀಟಿಗಿಂತ ಮೊದಲೇ ಕಬ್ಬಿಣದ ಸರಳಿಗೆ ಕಟ್ಟಿ ಇಡಬೇಕು. ಕಾಂಕ್ರೀಟ್ ಬಿದ್ದ ಮೇಲೆ ಪೈಪ್ ಇಡಲು ಜಾಗವಿಲ್ಲ. ಆ ದಿನ ಮಾವ ಹೋಗದಿದ್ದರೆ ಮನೆಯವರು ಬೇರೆಯವರನ್ನು ಕರೆಯುತ್ತಿದ್ದರು, ಇಡೀ ಮನೆಯ ಕೆಲಸವೇ ಕೈ ಬಿಟ್ಟು ಹೋಗುತ್ತಿತ್ತು. ಒಂದು ಗ್ಯಾರೇಜಿಗೆ ಫೋನ್ ಮಾಡಿದರೆ, "ಸೀಟನ್ನು ಕೊಯ್ದೇ ತೆಗೆಯಬೇಕು, ಹೊಸ ಸೀಟು ಹಾಕಬೇಕು, ಇವತ್ತು ಆಗ್ಲಿಕ್ಕಿಲ್ಲ" ಎಂದರು. ಮಾವ, ಪಕ್ಕದ ಮನೆಯ ಅಣ್ಣ ಇಬ್ಬರೂ ಸೇರಿ ಸೀಟನ್ನು ಹಿಂದಿನಿಂದ ಹಿಡಿದು ಎಳೆದರು. ಕರಕರ ಎಂದು ಸದ್ದು ಬಂತು, ಸೀಟು ಬರಲಿಲ್ಲ.

ಯಾಕೆ ಬರಲಿಲ್ಲ ಎಂದು ತಿಳಿಯಬೇಕಾದರೆ ಸೀಟಿನ ಲಾಕ್ ಹೇಗೆ ಕೆಲಸ ಮಾಡ್ತದೆ ಎಂದು ನೋಡಬೇಕು. ಅದರಲ್ಲಿ ದೊಡ್ಡ ಯಂತ್ರವೇನೂ ಇಲ್ಲ. ಸೀಟಿನ ತಳದಲ್ಲಿ ಇಂಗ್ಲಿಷಿನ ಯು ಅಕ್ಷರದ ಆಕಾರದ ದಪ್ಪ ಕಂಬಿ ಉಂಟು. ಅದಕ್ಕೆ ಸರಿಯಾಗಿ ಕೆಳಗೆ ಬೈಕಿನಲ್ಲಿ ಒಂದು ಕೊಕ್ಕೆ ಉಂಟು. ಸೀಟನ್ನು ಕೆಳಗೆ ಒತ್ತಿದಾಗ ಕಂಬಿಯು ಕೊಕ್ಕೆಯ ಓರೆ ತಲೆಯನ್ನು ಬದಿಗೆ ದೂಡಿ ಒಳಗೆ ಹೋಗ್ತದೆ. ಕೂಡಲೇ ಸ್ಪ್ರಿಂಗ್ ಕೊಕ್ಕೆಯನ್ನು ವಾಪಸು ಎಳೆದು ಕಂಬಿಯನ್ನು ಹಿಡಿದುಕೊಳ್ತದೆ. ಆಗ ಕೇಳುವುದೇ ಆ "ಟಕ್" ಸದ್ದು. ತೆಗೆಯುವಾಗ ಕೀ ತಿರುಗಿಸಿದರೆ ಒಂದು ಕೇಬಲ್ ಕೊಕ್ಕೆಯನ್ನು ಸ್ಪ್ರಿಂಗಿಗೆ ವಿರುದ್ಧವಾಗಿ ಎಳೀತದೆ. ಕಂಬಿ ಬಿಡುಗಡೆ ಆಗ್ತದೆ.

ಈ ಕೇಬಲ್ ನಿಮಗೆ ಗೊತ್ತಿರುವುದೇ. ಸೈಕಲಿನ ಬ್ರೇಕಿನಲ್ಲೂ ಇದೇ ಜಾತಿಯದ್ದು ಇರ್ತದೆ. ಹೊರಗೆ ಸುರುಳಿ ಸುತ್ತಿದ ಕೊಳವೆ, ಒಳಗೆ ಎಳೆ ಎಳೆ ಹೊಸೆದ ತಂತಿ. ಹೊರಗಿನದು ಅಲುಗಾಡುವುದಿಲ್ಲ, ಒಳಗಿನದು ಜಾರ್ತದೆ. ದಾರಿ ವಕ್ರವಾಗಿದ್ದರೂ ಎಳೆತ ಆ ಕಡೆಗೆ ತಲುಪ್ತದೆ. ಇದಕ್ಕೆ ಅರ್ನೆಸ್ಟ್ ಬೌಡನ್ ಎಂಬವರು 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದರು. ಅದಕ್ಕೇ ಇದನ್ನು ಬೌಡನ್ ಕೇಬಲ್ ಎನ್ನುತ್ತಾರೆ. ನೂರಕ್ಕೂ ಹೆಚ್ಚು ವರ್ಷ ಆಯಿತು, ಇವತ್ತಿಗೂ ಅದೇ ನಡೀತಾ ಉಂಟು.

ಇನ್ನು ಸಿಕ್ಕಿಕೊಳ್ಳುವುದು ಯಾಕೆ? ಮೊದಲನೆಯದು ತುಕ್ಕು. ಕಬ್ಬಿಣಕ್ಕೆ ನೀರು ಮತ್ತು ಗಾಳಿಯ ಆಮ್ಲಜನಕ ಸೇರಿದರೆ ತುಕ್ಕು ಹಿಡೀತದೆ ಎಂದು ವಿಜ್ಞಾನದ ಪಾಠದಲ್ಲಿ ಓದಿದ್ದೇವೆ. ಉಪ್ಪು ಇದ್ದರೆ ಇನ್ನೂ ಬೇಗ. ಮಂಗಳೂರಿನಲ್ಲಿ ಈ ಮೂರಕ್ಕೂ ಬರಗಾಲ ಇಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ. ಮಣ್ಣಗುಡ್ಡದಿಂದ ಕಡಲೂ ದೂರ ಇಲ್ಲ. ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ ದೋಣಿಯಲ್ಲಿ ಹೊಳೆ ದಾಟಿದರೆ ತಣ್ಣೀರುಬಾವಿಯ ಕಡಲತೀರವೇ. ಮಾವನ ಬೈಕು ಜೂನ್‌ನಿಂದ ಸೆಪ್ಟೆಂಬರ್ ತನಕ ಅಂಗಳದಲ್ಲೇ ನಿಂತು ನೆನೆದಿತ್ತು. ತುಕ್ಕು ಹಿಡಿದಾಗ ಕಬ್ಬಿಣ ಉಬ್ಬುತ್ತದೆ ಕೂಡ, ಹಾಗಾಗಿ ಕೊಕ್ಕೆ ತಿರುಗುವ ಜಾಗ ಬಿಗಿಯಾಗ್ತದೆ. ಎರಡನೆಯದು ಕೇಬಲ್. ವರ್ಷಗಟ್ಟಲೆ ಎಳೆದು ಎಳೆದು ಅದು ಸಡಿಲ ಆಗ್ತದೆ, ಒಂದೊಂದೇ ಎಳೆ ತುಂಡಾಗ್ತದೆ. ಮೂರನೆಯದು ಸೀಟಿನ ಕೆಳಗೆ ತುರುಕಿದ ಸಾಮಾನು. ಮಾವನದ್ದರಲ್ಲಿ ಮಡಚಿದ ರೈನ್‌ಕೋಟ್ ಇತ್ತು.

ರೈನ್‌ಕೋಟಿಗೂ ಲಾಕಿಗೂ ಎಂತ ಸಂಬಂಧ ಅಂತ ಕೇಳಬಹುದು. ಸಂಬಂಧ ಉಂಟು, ಗುಟ್ಟು ಇರುವುದೇ ಅಲ್ಲಿ. ಸೀಟಿನ ಅಡಿಯಲ್ಲಿ ರಬ್ಬರಿನ ಗುಂಡಿಗಳಿವೆ, ಸೀಟು ಗಡಗಡ ಅನ್ನದ ಹಾಗೆ. ಅವು ಯಾವಾಗಲೂ ಸೀಟನ್ನು ಸ್ವಲ್ಪ ಮೇಲಕ್ಕೆ ದೂಡುತ್ತಿರುತ್ತವೆ. ರೈನ್‌ಕೋಟ್ ಇದ್ದರೆ ಅದೂ ದೂಡ್ತದೆ. ಆಗ ಸೀಟಿನ ಕಂಬಿ ಕೊಕ್ಕೆಯನ್ನು ಕೆಳಗಿನಿಂದ ಬಲವಾಗಿ ಒತ್ತಿ ಹಿಡಿಯುತ್ತದೆ. ಒತ್ತಡ ಹೆಚ್ಚಾದಷ್ಟೂ ಘರ್ಷಣೆ ಹೆಚ್ಚು. ನಾವು ಮೇಲಕ್ಕೆ ಎಳೆದರೆ ಎಂತ ಆಗ್ತದೆ? ಒತ್ತಡ ಇನ್ನೂ ಹೆಚ್ಚಾಗ್ತದೆ, ಕೊಕ್ಕೆ ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ತದೆ. ಇಬ್ಬರು ಗಂಡಸರು ಎಳೆದದ್ದು ಕೊಕ್ಕೆಗೇ ಸಹಾಯ ಆಯಿತು.

ಇದನ್ನು ಹೇಳಿದವರು ಜಗಲಿಯಲ್ಲಿ ಕೂತಿದ್ದ ನನ್ನ ಅಜ್ಜ. ಅಜ್ಜ ಬೈಕು ಬಿಟ್ಟವರೇ ಅಲ್ಲ. "ಎಳೆಯುವುದು ಎಂತಕ್ಕೆ ಮಾರಾಯ? ಊರಿನ ಕೊಟ್ಟಿಗೆಯ ಬಾಗಿಲು ನೆನಪಿಲ್ಲವಾ ನಿನಗೆ? ಒತ್ತಿ ನೋಡು" ಎಂದರು. ಹೌದಲ್ಲ! ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿದಾಗ ಚಿಲಕ ಜಾರುವುದಿಲ್ಲ. ಆಗ ನಾವು ಒಂದು ಕೈಯಲ್ಲಿ ಬಾಗಿಲನ್ನು ಒಳಗೆ ದೂಡಿ ಹಿಡಿದು ಇನ್ನೊಂದು ಕೈಯಲ್ಲಿ ಚಿಲಕ ಎಳೆಯುತ್ತೇವೆ. ನಿಮ್ಮ ಮನೆಯಲ್ಲೂ ಮಾಡಿರ್ತೀರಿ. ಇಲ್ಲಿಯೂ ಲೆಕ್ಕ ಅದೇ.

"ಬಾ ಮಾರಾಯ್ತಿ, ಹಿಂದಿನ ಸೀಟಿನಲ್ಲಿ ಕೂತುಕೋ" ಎಂದರು ಮಾವ. ಬೈಕನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿ, ಪಕ್ಕದ ಮನೆಯ ಅಣ್ಣ ಹ್ಯಾಂಡಲ್ ಗಟ್ಟಿ ಹಿಡಿದುಕೊಂಡರು. ನಾನು ಸೀಟಿನ ಹಿಂದಿನ ತುದಿಯಲ್ಲಿ ಕೂತು ಭಾರ ಹಾಕಿದೆ. ಮಾವ ಕೀ ತಿರುಗಿಸಿ ಹಾಗೆಯೇ ಹಿಡಿದುಕೊಂಡರು. ಒಳಗಿನಿಂದ ಸಣ್ಣ ಸದ್ದು ಬಂತು. ನಾನು ಇಳಿದೆ. ಸೀಟು ಮಾತ್ರ ಏಳಲಿಲ್ಲ. ಸಾಧಾರಣವಾಗಿ ಸಿಕ್ಕಿಕೊಂಡದ್ದು ಇಷ್ಟಕ್ಕೇ ಬಿಟ್ಟುಕೊಳ್ತದೆ, ಆದ್ದರಿಂದ ನೀವು ಮೊದಲು ಇದನ್ನೇ ಮಾಡಿ ನೋಡಿ. ಭಾರ ಹಾಕಿದಾಗ ಕೀ ಹಿಡಿದಿರಬೇಕು, ಭಾರ ತೆಗೆಯುವಾಗಲೂ ಬಿಡಬಾರದು. ಬಿಟ್ಟರೆ ಕೊಕ್ಕೆ ಪುನಃ ಕಚ್ಚಿಕೊಳ್ತದೆ.

ಮುಂದೆ ಎಂತ ಮಾಡುವುದೆಂದು ಕೈಯಲ್ಲಿರುವ ಕೀಯೇ ಹೇಳ್ತದೆ. ಕೀ ತಿರುಗುವುದೇ ಇಲ್ಲವಾದರೆ ದೋಷ ಕೀ ಹಾಕುವ ತೂತಿನಲ್ಲಿ. ಅದನ್ನು ಪ್ಲೇಯರ್ ಹಾಕಿ ತಿರುಗಿಸಬೇಡಿ, ಕೀ ಒಳಗೇ ಮುರಿದರೆ ಕತೆ ಮುಗಿಯಿತು. ಮೆತ್ತಗಿನ ಪೆನ್ಸಿಲನ್ನು ಕೀಯ ಹಲ್ಲುಗಳಿಗೆ ಉಜ್ಜಿ ಹತ್ತು ಸಲ ಹಾಕಿ ತೆಗೆಯಿರಿ. (ಪೆನ್ಸಿಲಿನ ಕಡ್ಡಿಯನ್ನು ನಾವು ಸೀಸ ಎನ್ನುತ್ತೇವೆ, ಆದರೆ ಅದು ಸೀಸ ಅಲ್ಲ, ಗ್ರಾಫೈಟ್. ಅದರ ಪದರಗಳು ಒಂದರ ಮೇಲೊಂದು ಜಾರುತ್ತವೆ.) ಕೀ ಗಿರ್ರನೆ ತಿರುಗಿ, ಕೈಗೆ ಸ್ಪ್ರಿಂಗಿನ ಎಳೆತವೇ ತಾಗದಿದ್ದರೆ ಕೇಬಲ್ ತುಂಡಾಗಿದೆ ಅಥವಾ ಕಳಚಿದೆ. ಎಳೆತ ಉಂಟು, ಆದರೆ ಪೂರ್ತಿ ಇಲ್ಲ ಎಂದಾದರೆ ಕೇಬಲ್ ಸಡಿಲ. ಮಾವನದ್ದು ಈ ಮೂರನೆಯ ಜಾತಿ. ಕೀ ಅರ್ಧ ತಿರುಗುವವರೆಗೆ ಕೇಬಲ್ ಸುಮ್ಮನಿತ್ತು, ಉಳಿದರ್ಧದಲ್ಲಿ ಮಾತ್ರ ಕೊಕ್ಕೆಯನ್ನು ಎಳೆಯುತ್ತಿತ್ತು. ಕೊಕ್ಕೆ ಪೂರ್ತಿ ಸರಿಯುತ್ತಿರಲಿಲ್ಲ.

ಮಾವ ಬದಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದರು. ಅದಕ್ಕೆ ಸೀಟು ತೆಗೆಯುವುದು ಬೇಡ, ಒಂದು ಸ್ಕ್ರೂ ಮತ್ತು ಎರಡು ರಬ್ಬರಿನಲ್ಲಿ ನಿಂತಿರ್ತದೆ. ಟಾರ್ಚ್ ಹಾಕಿ ನೋಡಿದರೆ ಒಳಗೆ ಕಪ್ಪು ಕೇಬಲ್ ಹಿಂದಕ್ಕೆ ಹೋಗುವುದು ಕಂಡಿತು, ಅದರ ತುದಿಯಲ್ಲಿ ತಂತಿ ಬೆತ್ತಲೆಯಾಗಿ ಕಾಣ್ತಿತ್ತು. ಕೊಕ್ಕೆಯ ಹತ್ತಿರಕ್ಕೆ ತೆಳು ಎಣ್ಣೆ ಬಿಟ್ಟು ಹತ್ತು ನಿಮಿಷ ಕಾದೆವು. ಮಾವನಿಗೆ ಪುರುಸೊತ್ತೇ ಇರಲಿಲ್ಲ, ಆದರೂ ಎಣ್ಣೆ ತುಕ್ಕಿನ ಸಂದಿಗೆ ಇಳಿಯಲು ಸಮಯ ಕೊಡಲೇಬೇಕು. ಆಮೇಲೆ ನಾನು ಪುನಃ ಹತ್ತಿ ಕೂತೆ. ಮಾವ ಕಟ್ಟಿಂಗ್ ಪ್ಲೇಯರಿನಲ್ಲಿ ಆ ತಂತಿಯನ್ನು ಮೆಲ್ಲ ಹಿಡಿದು (ಜೋರಾಗಿ ಹಿಡಿದರೆ ಕತ್ತರಿಸಿ ಹೋಗ್ತದೆ) ಕೊಕ್ಕೆಯಿಂದ ದೂರಕ್ಕೆ ಎಳೆದರು. "ಇಳಿ" ಎಂದರು, ಇಳಿದೆ. ಟಕ್! ಸೀಟು ತಾನಾಗಿಯೇ ಒಂದು ಬೆರಳಿನಷ್ಟು ಮೇಲೆ ಬಂತು. ಎಳೆಯಲೇ ಇಲ್ಲ ಯಾರೂ. ರಬ್ಬರ್ ಮತ್ತು ರೈನ್‌ಕೋಟ್ ಸೇರಿ ದೂಡಿದವು.

ಫ್ಯೂಸ್ ಸುಟ್ಟದ್ದು ಹಾರ್ನಿನ ವಯರ್ ಸವೆದು ಕಬ್ಬಿಣಕ್ಕೆ ತಾಗಿದ್ದರಿಂದ. ಅಲ್ಲಿ ಟೇಪ್ ಸುತ್ತಿ, ಅಷ್ಟೇ ಆಂಪಿಯರಿನ ಬೇರೆ ಫ್ಯೂಸ್ ಹಾಕಿ, ಹತ್ತು ಗಂಟೆಯೊಳಗೆ ಮಾವ ಕೊಟ್ಟಾರಕ್ಕೆ ಹೊರಟರು. ಪೈಪೆಲ್ಲ ಕಟ್ಟಿ ಮುಗಿಸಿ ರಾತ್ರಿ ಎಂಟಕ್ಕೆ ಬಂದರು.

ಲಾಕನ್ನು ಸರಿಯಾಗಿ ರಿಪೇರಿ ಮಾಡಿದ್ದು ಮರುದಿನ. ಕೊಕ್ಕೆಯನ್ನು ಹಳೇ ಹಲ್ಲುಜ್ಜುವ ಬ್ರಶ್ ಮತ್ತು ಡೀಸೆಲ್‌ನಿಂದ ತಿಕ್ಕುವ ಕೆಲಸ ನನ್ನದು. ಕೆಂಪು ಹುಡಿ ಎಷ್ಟು ಬಂತೆಂದರೆ ಅಂಗಳದಲ್ಲಿ ಕುಂಕುಮ ಚೆಲ್ಲಿದ ಹಾಗೆ ಆಯಿತು. ಡೀಸೆಲ್ ಇರುವಾಗ ಹತ್ತಿರ ಬೆಂಕಿ ಕೂಡದು, ದೊಡ್ಡವರು ಇಲ್ಲದೆ ಇದನ್ನು ಮಾಡಲೂ ಬಾರದು. ಒಣಗಿಸಿ, ಕೊಕ್ಕೆ ತಿರುಗುವ ಜಾಗಕ್ಕೆ ಸ್ವಲ್ಪ ಗ್ರೀಸ್ ಹಚ್ಚಿದೆವು. ಸಡಿಲವಾದ ಕೇಬಲ್ ಬದಲು ಹೊಸತು ಹಾಕಿದೆವು.

ಅತ್ತೆ ತೆಂಗಿನೆಣ್ಣೆ ತಂದುಕೊಟ್ಟಿದ್ದರು, ಮಾವ ಬೇಡ ಎಂದರು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ತಂಪಾದರೆ ಗಟ್ಟಿಯಾಗ್ತದೆ. ಡಿಸೆಂಬರಿನ ಬೆಳಿಗ್ಗೆ ಬಾಟಲಿಯಲ್ಲಿ ಬೆಳ್ಳಗೆ ಹೆಪ್ಪುಗಟ್ಟುವುದನ್ನು ನಾವೆಲ್ಲ ನೋಡಿದ್ದೇವೆ. ಲಾಕಿನೊಳಗೂ ಹಾಗೇ ಆದರೆ ಪುನಃ ಅದೇ ಕತೆ. ಹೊಲಿಗೆ ಮೆಷಿನ್ನಿನ ಎಣ್ಣೆ ಆದೀತು. ಅಂಗಡಿಯಲ್ಲಿ ಸಿಗುವ ಡಬ್ಲ್ಯುಡಿ-40 ಎಂಬ ಸ್ಪ್ರೇ ಕೂಡ ಆಗ್ತದೆ. ಅದನ್ನು ಅಮೆರಿಕದಲ್ಲಿ 1953ರಲ್ಲಿ ರಾಕೆಟ್ಟಿನ ಮೈಗೆ ತುಕ್ಕು ಹಿಡಿಯದ ಹಾಗೆ ತಯಾರಿಸಿದರಂತೆ. ನೀರನ್ನು ದೂರ ಓಡಿಸುವ ದ್ರವ, ನಲವತ್ತನೆಯ ಪ್ರಯತ್ನದಲ್ಲಿ ಸರಿಯಾಯಿತು, ಅದಕ್ಕೇ ಆ ಹೆಸರು. ರಾಕೆಟ್ಟಿನದ್ದು ನಮ್ಮ ಸೀಟಿಗೆ!

ಎಲ್ಲ ಮುಗಿದ ಮೇಲೆ ಸೀಟನ್ನು ಒಮ್ಮೆಲೇ ಮುಚ್ಚಬೇಡಿ. ಮೊದಲು ಸ್ಕ್ರೂಡ್ರೈವರಿನ ಕಡ್ಡಿಯನ್ನು ಕಂಬಿಯ ಹಾಗೆ ಕೊಕ್ಕೆಯೊಳಗೆ ಒತ್ತಿ ಲಾಕ್ ಮಾಡಿ, ಕೀ ತಿರುಗಿಸಿ ನೋಡಿ. ನಾಲ್ಕೈದು ಸಲ ಸರಿಯಾಗಿ ಬಿಟ್ಟುಕೊಂಡರೆ ಮಾತ್ರ ಸೀಟು ಮುಚ್ಚಿ. ಮಾವ ಇನ್ನೂ ಒಂದು ಉಪಾಯ ಮಾಡಿದರು. ಕೊಕ್ಕೆಗೆ ಒಂದು ತೆಳು ವಯರ್ ಕಟ್ಟಿ, ಇನ್ನೊಂದು ತುದಿಯನ್ನು ಹೊರಗಿನಿಂದ ಬೆರಳಿಗೆ ಸಿಗುವ ಜಾಗದಲ್ಲಿ ಬಚ್ಚಿಟ್ಟರು. ಕೇಬಲ್ ಪುನಃ ತುಂಡಾದರೂ ಅದನ್ನು ಎಳೆದರೆ ಸಾಕು. ಆ ತುದಿ ಎಲ್ಲಿ ಉಂಟು ಎಂದು ಮಾತ್ರ ಇಲ್ಲಿ ಬರೆಯುವುದಿಲ್ಲ. ಗೋಡೆ ಪತ್ರಿಕೆಯನ್ನು ಯಾರು ಬೇಕಾದರೂ ಓದಬಹುದಲ್ಲ!