ಮಲ್ಲೇಶ್ವರಕ್ಕೆ ಹೋದರೆ ಮೊದಲು ಪುಡಿಗೆ ಹೇಳಿ

ಹೊಸಬರು ಯಾರೇ ಬಂದು ಕಾಲು ಕೆ.ಜಿ. ಕಾಫಿ ಪುಡಿ ಕೊಡಿ ಎಂದರೂ ಮಲ್ಲೇಶ್ವರದ ಈ ಪುಡಿ ಅಂಗಡಿಯ ಯಜಮಾನರು ತಕ್ಕಡಿಗೆ ಕೈ ಹಾಕುವುದಿಲ್ಲ. ಮೊದಲು ಮೂರು ಪ್ರಶ್ನೆ. ಮನೆಯಲ್ಲಿ ತರಿಸುವುದು ಯಾವ ಹಾಲು? ಫಿಲ್ಟರಿನ ತೂತು ಸಣ್ಣದೋ, ದೊಡ್ಡದೋ? ಬೆಳಿಗ್ಗೆ ಹಾಕಿದ ಡಿಕಾಕ್ಷನ್ ಸಂಜೆಗೂ ಇಟ್ಟುಕೊಳ್ಳುತ್ತೀರೋ, ಆಗಿಂದಾಗ ಮುಗಿಸುತ್ತೀರೋ? ಉತ್ತರ ಬರುವ ತನಕ ಅವರ ಕೈ ಗಲ್ಲಾಪೆಟ್ಟಿಗೆಯ ಮೇಲೇ ಇರುತ್ತದೆ.

ಮೂರಕ್ಕೂ ಕಾರಣ ಇದೆ. ಗಟ್ಟಿ ಹಾಲಿಗೆ ಬರೀ ಮೃದುವಾದ ಅರೇಬಿಕಾ ಹಾಕಿದರೆ ಕಾಫಿ ಹಾಲಿನಲ್ಲಿ ಕಳೆದುಹೋಗುತ್ತದೆ, ಸ್ವಲ್ಪ ರೊಬಸ್ಟಾ ಬೇಕು. ಫಿಲ್ಟರಿನ ತೂತು ದೊಡ್ಡದಾದರೆ ಪುಡಿ ತರಿಯಾಗಿರಬೇಕು, ಇಲ್ಲದಿದ್ದರೆ ಕೆಳಗಿನ ಪಾತ್ರೆಯಲ್ಲಿ ಗಸಿ ನಿಲ್ಲುತ್ತದೆ. ಸಂಜೆಯವರೆಗೆ ಇಡುವವರಿಗೆ ಚಿಕೋರಿ ಕಡಿಮೆ ಹಾಕುವುದು ಅವರ ರೂಢಿ. "ಚಿಕೋರಿ ಜಾಸ್ತಿಯಾದರೆ ಸಂಜೆ ಹೊತ್ತಿಗೆ ಬರೀ ಅದರದ್ದೇ ರುಚಿ ಬರುತ್ತೆ. ಆಮೇಲೆ ನಿಮ್ಮ ಪುಡಿ ಚೆನ್ನಾಗಿಲ್ಲ ಅಂತ ನನಗೇ ಹೇಳ್ತಾರೆ."

ಮಲ್ಲೇಶ್ವರದಲ್ಲಿ ಏನು ತಿನ್ನಬೇಕು, ಎಲ್ಲಿ ಕೊಳ್ಳಬೇಕು, ಎಲ್ಲಿ ಕೂತು ದಣಿವಾರಿಸಿಕೊಳ್ಳಬೇಕು ಎಂದು ಬರೆಯಲು ನಾನು ಹೊರಟಿದ್ದೆ. ಆದರೆ ಈ ಬಡಾವಣೆ ಅರ್ಥವಾಗಬೇಕಾದರೆ ಹೋಟೆಲಿಗಿಂತ ಮೊದಲು ಪುಡಿ ಅಂಗಡಿಗೆ ಬರಬೇಕು ಎಂದು ಈಗ ನನಗೆ ಅನ್ನಿಸಿದೆ. ಹೋಟೆಲಿನಲ್ಲಿ ಊರಿಗೆಲ್ಲ ಒಂದೇ ಕಾಫಿ. ಇಲ್ಲಿ ಒಂದೊಂದು ಮನೆಗೂ ಒಂದೊಂದು.

ಮನೆಮನೆಯ ಲೆಕ್ಕ ಒಂದು ತಗಡಿನ ಡಬ್ಬಿಯಲ್ಲಿದೆ. ಹಳೆಯ ಮದುವೆ ಕರೆಯೋಲೆಗಳನ್ನು ಕತ್ತರಿಸಿ ಮಾಡಿದ ಚೀಟಿಗಳು. ಹಿಂಬದಿಯಲ್ಲಿ ನೀಲಿ ಶಾಯಿಯ ಬರಹ: "ಹನ್ನೊಂದನೇ ಕ್ರಾಸ್ ಟೀಚರಮ್ಮ. ಪಿ.ಬಿ. ಅರ್ಧ, ಎ ಕಾಲು, ರೊ ಕಾಲು. ಚಿ 15. ನಯ." ಪಿ.ಬಿ. ಅಂದರೆ ಪೀಬೆರಿ. ಕಾಫಿ ಹಣ್ಣಿನಲ್ಲಿ ಸಾಮಾನ್ಯವಾಗಿ ಚಪ್ಪಟೆ ಬದಿಗಳು ಒಂದಕ್ಕೊಂದು ಎದುರಾಗಿ ಎರಡು ಬೀಜ ಇರುತ್ತವೆ. ಕೆಲವು ಹಣ್ಣಿನಲ್ಲಿ ಒಂದೇ ಬೀಜ ಬೆಳೆದು ಗುಂಡಗಾಗುತ್ತದೆ. ಅದು ಹುರಿಯುವಾಗ ಉರುಳುತ್ತಾ ಎಲ್ಲ ಕಡೆಯೂ ಸಮನಾಗಿ ಬೇಯುತ್ತದೆ ಎಂಬುದು ಪುಡಿ ಅಂಗಡಿಯವರೆಲ್ಲರ ನಂಬಿಕೆ. ಎ ಅಂದರೆ ಪ್ಲಾಂಟೇಶನ್ ಎ, ಪಲ್ಪರ್‌ಗೆ ಹಾಕಿ ತೊಳೆದು ಒಣಗಿಸಿದ ಅರೇಬಿಕಾ. ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿದರೆ ಚೆರಿ. ಮಲೆನಾಡಿನ ಕಡೆಯವರಿಗೆ ಇದನ್ನೆಲ್ಲ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರಲ್ಲಿ ಬಹಳ ಮಂದಿಗೆ ಹೇಳಬೇಕಾಗುತ್ತದೆ.

ಮಗಳ ಮದುವೆಯಾದಾಗ ಕೆಲವು ತಾಯಂದಿರು ಬಂದು ಚೀಟಿಯ ನಕಲು ಕೇಳುತ್ತಾರಂತೆ. ಗಂಡನ ಮನೆಯ ಕಾಫಿ ಹಿಡಿಸಲಿಲ್ಲ ಎಂದು ತವರಿನ ಪುಡಿ ತರಿಸಿಕೊಳ್ಳುವವರೂ ಇದ್ದಾರೆ. ಅಂಥ ಚೀಟಿಯ ಮೇಲೆ ಯಜಮಾನರು ಹೊಸ ವಿಳಾಸ ಬರೆಯುತ್ತಾರೆ, ಅಳತೆ ಹಾಗೇ ಉಳಿಯುತ್ತದೆ. ಅಮೆರಿಕಕ್ಕೆ ಹೋಗುವ ಪುಡಿಗೆ ಎರಡು ಸುತ್ತು ಪ್ಯಾಕಿಂಗ್. ಸೂಟ್‌ಕೇಸಿನ ಸೀರೆಗೆಲ್ಲ ವಾಸನೆ ಹಿಡಿಯಬಾರದಲ್ಲ.

ಹುರಿಯುವ ಕೆಲಸ ಈಗ ಅಂಗಡಿಯಲ್ಲಿ ನಡೆಯುವುದಿಲ್ಲ. ಅಕ್ಕಪಕ್ಕದ ಮನೆಗಳೆಲ್ಲ ಅಪಾರ್ಟ್‌ಮೆಂಟ್ ಆದಮೇಲೆ ಹೊಗೆಯ ಮಾತು ಬಂತು. ಡ್ರಮ್ಮು ಊರಾಚೆಯ ಶೆಡ್ಡಿಗೆ ಹೋಯಿತು, ಹುರಿದ ಬೀಜ ಚೀಲದಲ್ಲಿ ಬರುತ್ತದೆ. ಬೀಸುವುದು ಮಾತ್ರ ಇಲ್ಲೇ, ಗಿರಾಕಿಯ ಕಣ್ಣೆದುರಿಗೇ. ಅದನ್ನು ನಿಂತು ನೋಡಬೇಕು.

ಮೆಷಿನ್ನು ಸೊಂಟದೆತ್ತರ ಇದೆ. ಮೇಲೆ ಬೀಜ ಸುರಿಯುವ ಬಾಯಿ, ಒಳಗೆ ಎದುರುಬದುರಾಗಿ ಎರಡು ಕಬ್ಬಿಣದ ಪ್ಲೇಟು. ಒಂದು ಸುಮ್ಮನೆ ನಿಲ್ಲುತ್ತದೆ, ಇನ್ನೊಂದು ತಿರುಗುತ್ತದೆ. ನಡುವಿನ ಅಂತರವನ್ನು ಪಕ್ಕದ ತಿರುಪಿನ ಚಕ್ರ ಹಿಡಿದಿಡುತ್ತದೆ. ಮೊದಲು ಬೀಳುವ ಒಂದು ಹಿಡಿ ಪುಡಿಯನ್ನು ಯಜಮಾನರು ಬೇರೆ ಡಬ್ಬಿಗೆ ಹಾಕುತ್ತಾರೆ, ಏಕೆಂದರೆ ಹಿಂದಿನ ಗಿರಾಕಿಯ ಬೀಜದ ಪುಡಿ ಪ್ಲೇಟಿನ ಹಲ್ಲಿನಲ್ಲಿ ಉಳಿದಿರುತ್ತದೆ. ಆಮೇಲೆ ಚಿಟಿಕೆ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡುತ್ತಾರೆ. ಚಿರೋಟಿ ರವೆಯ ಹಾಗೆ ಬೆರಳಿಗೆ ತಾಗಬೇಕು. ತೀರ ಹಿಟ್ಟಾದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ತರಿ ಹೆಚ್ಚಾದರೆ ನೀರು ಸುಮ್ಮನೆ ಇಳಿದುಹೋಗುತ್ತದೆ. ಸರಿಬೀಳದಿದ್ದರೆ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಆ ಚಕ್ರಕ್ಕೆ ಗುರುತಿಲ್ಲ, ಅಂಕಿ ಇಲ್ಲ. ಎಲ್ಲ ಕೈಯಲ್ಲೇ ಇದೆ.

ಚಿಕೋರಿ ಮೆಷಿನ್ನಿಗೆ ಬೀಳುವುದಿಲ್ಲ. ಗುಜರಾತ್, ಉತ್ತರ ಪ್ರದೇಶಗಳಲ್ಲಿ ಬೆಳೆಯುವ ಈ ಗೆಡ್ಡೆಯನ್ನು ಹುರಿದು ಪುಡಿ ಮಾಡಿಯೇ ಕಳಿಸುತ್ತಾರೆ. ಅದನ್ನು ಅಗಲದ ತಟ್ಟೆಯಲ್ಲಿ ಕಾಫಿ ಪುಡಿಗೆ ಕೈಯಿಂದ ಬೆರೆಸಿ, ಜರಡಿ ಹಿಡಿದು, ಕಾಗದದ ಮೇಲೆ ಹರವುತ್ತಾರೆ. ಬಿಸಿ ಪುಡಿಯನ್ನು ಕೂಡಲೇ ಕಟ್ಟಿದರೆ ಪೊಟ್ಟಣದೊಳಗೆ ಬೆವರುತ್ತದೆ. ಹಾಗಾಗಿ ಕಾಯಬೇಕು. ಮಿಶ್ರಣದಲ್ಲಿ ಕಾಫಿ ಕನಿಷ್ಠ ನೂರಕ್ಕೆ 51 ಭಾಗ ಇರಲೇಬೇಕು, ಚಿಕೋರಿ ಎಷ್ಟೆಂದು ಪೊಟ್ಟಣದ ಮೇಲೆ ಬರೆಯಬೇಕು ಎಂದು ಕಾನೂನಿದೆ. ಮಾಲ್‌ಗೆ ಹೋದಾಗ ಪೊಟ್ಟಣ ತಿರುಗಿಸಿ ಆ ಅಂಕಿ ಓದಿ. ದುಬಾರಿ ಹೆಸರಿನ ಪುಡಿಯಲ್ಲೂ ಎಷ್ಟು ಚಿಕೋರಿ ಇದೆ ಎಂದು ತಿಳಿದರೆ, ಕಣ್ಣೆದುರು ಬೆರೆಸಿಕೊಡುವ ಅಂಗಡಿಯ ಬೆಲೆ ಗೊತ್ತಾಗುತ್ತದೆ.

ಹೀಗೆ ಕಾಯುವ ಹೊತ್ತೇ ಮಲ್ಲೇಶ್ವರ ಸುತ್ತುವ ಹೊತ್ತು. ಪುಡಿಗೆ ಹೇಳಿ ಹೊರಡಿ.

ಹೊಟ್ಟೆ ಹಸಿದಿದ್ದರೆ ಏಳನೇ ಕ್ರಾಸಿನ ಸಿಟಿಆರ್. ಸೆಂಟ್ರಲ್ ಟಿಫಿನ್ ರೂಮ್ ಎಂದು 1920ರ ದಶಕದಲ್ಲಿ ಶುರುವಾದ ಹೋಟೆಲಿಗೆ ಬೋರ್ಡಿನ ಮೇಲೆ ಶ್ರೀ ಸಾಗರ್ ಎಂಬ ಹೆಸರು ಬಂದು ಎಷ್ಟೋ ವರ್ಷವಾದರೂ ಜನ ಹಳೆಯ ಹೆಸರನ್ನು ಬಿಟ್ಟಿಲ್ಲ. ಬೆಣ್ಣೆ ಮಸಾಲೆ ಹೊರಗೆ ಗರಿಗರಿ ಕೆಂಪು, ಒಳಗೆ ಮೆತ್ತಗೆ. ಭಾನುವಾರ ಬಾಗಿಲಲ್ಲಿ ಹೆಸರು ಹೇಳಿ ಕಾಯಲೇಬೇಕು. ಕಾಯುವ ತಾಳ್ಮೆ ಇಲ್ಲದವರು ಮಾರ್ಗೋಸಾ ರಸ್ತೆಯಲ್ಲಿ ಮುಂದೆ ನಡೆದು ವೀಣಾ ಸ್ಟೋರ್ಸ್‌ಗೆ ಹೋಗಬಹುದು. 1977ರಿಂದ ಇರುವ ಪುಟ್ಟ ಜಾಗ. ತಟ್ಟೆ ಹಿಡಿದು ಫುಟ್‌ಪಾತಿನ ಮೇಲೆ ನಿಂತೇ ತಿನ್ನಬೇಕು. ಇಡ್ಲಿ ಮೆತ್ತಗಿರುತ್ತದೆ, ಅದರ ಮೇಲೆ ಚಟ್ನಿಯನ್ನು ಧಾರಾಳವಾಗಿ ಸುರಿಯುತ್ತಾರೆ. ನಿವೃತ್ತ ಪ್ರೊಫೆಸರರೂ ಹಾಲಿನ ಹುಡುಗನೂ ಒಂದೇ ಕಲ್ಲುಕಟ್ಟೆಗೆ ತಟ್ಟೆ ಊರಿ ತಿನ್ನುವುದನ್ನು ನಾನು ಅಲ್ಲಿ ನೋಡಿದ್ದೇನೆ. ಊರಿನ ಹೊಸ ಬಡಾವಣೆಗಳ ದುಬಾರಿ ಹೋಟೆಲುಗಳಲ್ಲಿ ಅದು ಸಾಧ್ಯವಿಲ್ಲ. ಎಂಟನೇ ಕ್ರಾಸಿನ ಜನತಾ ಹೋಟೆಲಿನಲ್ಲಿ ಕೂರಲು ಬೆಂಚು ಸಿಗುತ್ತದೆ. ಇಬ್ಬರಿದ್ದರೆ ಬೈಟು ಕಾಫಿ ಹೇಳಿ.

ಕೊಳ್ಳುವುದಕ್ಕೆ ಎಂಟನೇ ಕ್ರಾಸ್ ಒಂದೇ ಸಾಕು. ಗೌರಿ ಹಬ್ಬದ ಹಿಂದಿನ ದಿನಗಳಲ್ಲಿ ಅಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಬಾಗಿನದ ಮೊರ, ಬಳೆ, ಬಾಳೆಕಂದು, ಮಾವಿನೆಲೆ, ಮಾರುಗಟ್ಟಲೆ ಸೇವಂತಿಗೆ. ಹಬ್ಬವಿಲ್ಲದ ದಿನ ಹೋದರೆ ಹೂವಿನವರ ಜೊತೆ ನಾಲ್ಕು ಮಾತಾಡಬಹುದು. ಎಡಗೈ ಬೆರಳಿಗೆ ಬಾಳೆನಾರು ಸುತ್ತಿಕೊಂಡು, ಮುಖ ನೋಡುತ್ತಾ ಮಾತಾಡುತ್ತಲೇ ಮಲ್ಲಿಗೆ ಕಟ್ಟುತ್ತಾರೆ. ಮೊಳ ಹಾಕುವಾಗ ಕೈ ಧಾರಾಳ.

ಕೂರಬೇಕೆನಿಸಿದರೆ ಕಾಡು ಮಲ್ಲೇಶ್ವರನ ಗುಡಿ ಇದೆ. ಹದಿನೇಳನೇ ಶತಮಾನದ್ದು, ಶಿವಾಜಿಯ ಮಲತಮ್ಮ ವೆಂಕೋಜಿ ಕಟ್ಟಿಸಿದ್ದೆಂದು ಹೇಳಿಕೆ. ಮಲ್ಲಾಪುರ ಎಂಬ ಹಳ್ಳಿಯ ದೇವರು ಬಡಾವಣೆಗೆ ಹೆಸರು ಕೊಟ್ಟ. ಎದುರಿನ ನಂದಿತೀರ್ಥದ ಕಲ್ಯಾಣಿ ಮಣ್ಣಿನಲ್ಲಿ ಮುಚ್ಚಿಹೋಗಿದ್ದು, 1997ರಲ್ಲಿ ಅಗೆದಾಗ ಹೊರಬಂತು. ನಂದಿಯ ಬಾಯಿಂದ ಲಿಂಗದ ಮೇಲೆ ನೀರು ಈಗಲೂ ಬೀಳುತ್ತದೆ. ಸಂಜೆ ನಡಿಗೆಗೆ 1882ರ ಸ್ಯಾಂಕಿ ಕೆರೆ. ಸಂಗೀತವಿದ್ದರೆ, ಪಿಟೀಲಿನ ಆಕಾರದಲ್ಲಿ ಕಟ್ಟಿದ ಚೌಡಯ್ಯ ಸ್ಮಾರಕ ಭವನ. ಕಛೇರಿಯ ವಿರಾಮದಲ್ಲಿ ಅಲ್ಲಿಯೂ ಜನ ಕಾಫಿಯ ಸಾಲಿಗೇ ಹೋಗುತ್ತಾರೆ.

ಮತ್ತೆ ಪುಡಿ ಅಂಗಡಿಗೆ ಬರೋಣ. ಬಡಾವಣೆ ಹುಟ್ಟಿದ ಕಥೆಯನ್ನು ಯಜಮಾನರು ಎರಡೇ ಮಾತಿನಲ್ಲಿ ಹೇಳಿದರು: "ಪ್ಲೇಗು ಬಂತು, ಪೇಟೆ ಬಿಟ್ಟು ಜನ ಇಲ್ಲಿಗೆ ಬಂದರು." ಹೆಚ್ಚು ಕಡಿಮೆ ಸರಿ. ಹೊಸ ಬಡಾವಣೆಯ ಆಲೋಚನೆ 1890ರ ದಶಕದ ಆರಂಭದಲ್ಲೇ ಇತ್ತು. 1898ರಲ್ಲಿ ಪೇಟೆಯ ಇಕ್ಕಟ್ಟಿನ ಓಣಿಗಳಿಗೆ ಪ್ಲೇಗು ನುಗ್ಗಿದಾಗ ಮಲ್ಲೇಶ್ವರ, ಬಸವನಗುಡಿಗಳ ಕೆಲಸ ಚುರುಕಾಯಿತು. ಅಗಲ ರಸ್ತೆ, ಅಂಕಿ ಹಚ್ಚಿದ ಕ್ರಾಸುಗಳು, ಗಾಳಿಯಾಡಲೆಂದು ಮನೆ ಮನೆಯ ನಡುವೆ ಜಾಗ. ಸಂಪಿಗೆ ಮತ್ತು ಬೇವಿನ ಮರಗಳ ಹೆಸರಿನಲ್ಲಿ ಎರಡು ಮುಖ್ಯ ರಸ್ತೆಗಳು.

ಕಾಫಿಯ ಕಥೆ ಹೇಳುವಾಗ ಮಾತ್ರ ಅವರ ದನಿ ಏರುತ್ತದೆ. 1942ರಲ್ಲಿ ಕಾಫಿ ಮಂಡಳಿ ಬಂದಮೇಲೆ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಿರಲಿಲ್ಲ, ಎಲ್ಲ ಮಂಡಳಿಯ ಪೂಲ್‌ಗೆ ಹೋಗಬೇಕಿತ್ತು. ಪುಡಿ ಅಂಗಡಿಯವರು ಮಂಡಳಿಯ ಹರಾಜಿನಲ್ಲಿ ಬಿಕರಿಯಾದ ಬೀಜಕ್ಕೆ ಕಾಯಬೇಕಿತ್ತು. ಅವರ ತಂದೆ ಚೀಲ ಬಿಚ್ಚಿ ಬೀಜವನ್ನು ಮೂಸಿ, ಹಲ್ಲಿಗೆ ಕಚ್ಚಿ ನೋಡಿ ಕೊಳ್ಳುತ್ತಿದ್ದರಂತೆ. ತೊಂಬತ್ತರ ದಶಕದ ಮಧ್ಯದ ಹೊತ್ತಿಗೆ ಆ ವ್ಯವಸ್ಥೆ ಕಳಚಿ ಬೆಳೆಗಾರರಿಗೆ ಮಾರುವ ಸ್ವಾತಂತ್ರ್ಯ ಬಂತು. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆಯಿತು. ಚಿಕ್ಕಮಗಳೂರಿನ ಬೀಜ ಹೊಸ ವೇಷದಲ್ಲಿ ಯುವಕರ ಕೈಗೆ ಬಂತು. ಯಜಮಾನರಿಗೆ ಅದರ ಮೇಲೆ ಸಿಟ್ಟಿಲ್ಲ. ಮನೆಯಲ್ಲಿ ಫಿಲ್ಟರ್ ಹಾಕುವವರು ಕಡಿಮೆಯಾದದ್ದರ ಬಗ್ಗೆ ಬೇಜಾರಿದೆ.

ಅದರ ಜೊತೆಗೆ ಬೆಲೆ ಏರಿಕೆ. ಬ್ರೆಜಿಲ್‌ನ ಬರ, ವಿಯೆಟ್ನಾಮಿನ ಬೆಳೆ ಕೊರತೆಗಳಿಂದ ಜಗತ್ತಿನ ಮಾರುಕಟ್ಟೆಯೇ ಬಿಸಿಯೇರಿ, 2025ರ ಫೆಬ್ರುವರಿಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ವರ್ಷಗಟ್ಟಲೆ ನಷ್ಟ ಉಂಡವರು, ಅವರಿಗೆ ಬಂದ ಒಳ್ಳೆಯ ಕಾಲವನ್ನು ಯಾರೂ ಆಕ್ಷೇಪಿಸಬಾರದು. ಆದರೆ ಅರ್ಧ ಕೆ.ಜಿ. ಒಯ್ಯುತ್ತಿದ್ದ ನಿವೃತ್ತರು ಕಾಲು ಕೆ.ಜಿ.ಗೆ ಇಳಿದರು. ಕೆಲವರು ಪೀಬೆರಿ ಬಿಟ್ಟು ಚಿಕೋರಿ ಏರಿಸಿದರು. ಚೀಟಿಗಳ ಮೇಲೆ ಹಳೆಯ ಅಂಕಿ ಹೊಡೆದು ಹೊಸದು ಬರೆದದ್ದು ಕಾಣುತ್ತದೆ. ಹಳೆಯ ಜಾಗಗಳು ಮುಚ್ಚುವುದನ್ನೂ ಮಲ್ಲೇಶ್ವರ ಕಂಡಿದೆ: ಸಂಪಿಗೆ ರಸ್ತೆಯಲ್ಲಿ 1954ರಿಂದ ಇದ್ದ ನ್ಯೂ ಕೃಷ್ಣ ಭವನ ಹೋಟೆಲು 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಕೊನೆಯ ದಿನಗಳಲ್ಲಿ ಅಲ್ಲಿ ತಿನ್ನಲು ಊರೆಲ್ಲ ಸಾಲು ನಿಂತಿತ್ತು. ಆ ಸಾಲಿನಲ್ಲಿದ್ದ ನಾವೆಲ್ಲ ತಿಂಗಳಿಗೊಮ್ಮೆಯಾದರೂ ಅಲ್ಲಿಗೆ ಹೋಗುತ್ತಿದ್ದೆವೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಪುಡಿ ಅಂಗಡಿಗೂ ಅಂಥ ಕೊನೆಯ ಸಾಲು ಬೇಡ. ವಾರಕ್ಕೆ ನೂರು ಗ್ರಾಮ್ ಒಯ್ಯುವ ಗಿರಾಕಿ ಬೇಕು, ಪುಡಿ ತಾಜಾ ಇರುವುದೂ ಹಾಗೆ ಕೊಂಡರೇ.

ಹೊಸ ಗಿರಾಕಿಗಳೂ ಇಲ್ಲದಿಲ್ಲ. ಐಟಿ ಕೆಲಸದ ಹುಡುಗಿಯೊಬ್ಬಳು ಎಸ್ಪ್ರೆಸೊ ಮೆಷಿನ್ನಿಗೆ ಪುಡಿ ಕೇಳಿಕೊಂಡು ಬಂದಿದ್ದಳು. ಚಿಕೋರಿ ಬೇಡ, ಇನ್ನೂ ನಯ ಬೇಕು. ಯಜಮಾನರು ಚಕ್ರ ತಿರುಗಿಸಿ, ಚಿಟಿಕೆ ಉಜ್ಜಿ ತೋರಿಸಿ, ಅವಳು ತಲೆಯಾಡಿಸುವ ತನಕ ಬೀಸಿದರು. "ಮನೆಗೆ ಹೋಗಿ ಹೆಂಗಾಯ್ತು ಅಂತ ಹೇಳಮ್ಮ" ಎಂದು ಒಂದು ಹೊಸ ಚೀಟಿ ತೆಗೆದರು.

ಅಷ್ಟು ನಯಕ್ಕೆ ಬೀಸಿದರೆ ಪ್ಲೇಟಿನ ಹಲ್ಲು ಬೇಗ ಸವೆಯುತ್ತದೆ. ಸವೆದ ಹಲ್ಲಿನಲ್ಲಿ ಬೀಜ ತುಂಡಾಗದೆ ಉಜ್ಜಿ ಬಿಸಿಯಾಗಿ ಪುಡಿ ಸೀಯುತ್ತದೆ. ಮೊದಲು ಪೇಟೆಯಲ್ಲಿ ಹಲ್ಲು ಕೊರೆದು ಕೊಡುವ ಒಬ್ಬ ಮೇಸ್ತ್ರಿ ಇದ್ದರು, ಅವರು ತೀರಿಕೊಂಡರು. ಅವರ ಮಕ್ಕಳು ಆ ಕೆಲಸ ಹಿಡಿಯಲಿಲ್ಲ. ಮುಚ್ಚಿಹೋದ ಇನ್ನೊಂದು ಪುಡಿ ಅಂಗಡಿಯಿಂದ ಯಜಮಾನರು ಒಂದು ಜೊತೆ ಪ್ಲೇಟು ಕೊಂಡುತಂದು, ಎಣ್ಣೆ ಸವರಿ, ಗೋಣಿತಾಟಿನಲ್ಲಿ ಸುತ್ತಿ ಕೌಂಟರಿನ ಕೆಳಗೆ ಇಟ್ಟಿದ್ದಾರೆ. "ನನ್ನ ಕಾಲಕ್ಕೆ ಸಾಕು. ಆಮೇಲೆ ಮಗ ಏನು ಮಾಡ್ತಾನೋ, ಅವನಿಗೆ ಬಿಟ್ಟಿದ್ದು" ಎಂದರು. ಮಗ ವೈಟ್‌ಫೀಲ್ಡ್‌ನ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಾರೆ. ಶನಿವಾರ ಬೆಳಿಗ್ಗೆ ಬಂದು ಗಲ್ಲಾದಲ್ಲಿ ಕೂರುತ್ತಾರೆ. ಬೀಸುವುದಕ್ಕೆ ಇನ್ನೂ ಕೈ ಹಾಕಿಲ್ಲ.